ಬಸವನಗುಡಿಯ ಚರ್ಚೆಯನ್ನು ಬರೆದುಕೊಳ್ಳಲು ಹೋದದ್ದು

ದಾವಣಗೆರೆಯಿಂದ ಬೆಳಗಿನ ಐದೂವರೆಯ ಸರ್ಕಾರಿ ಬಸ್ಸು ಹಿಡಿದೆ. ಎರಡು ಸಾವಿರದ ಎರಡನೇ ಇಸವಿಯ ಡಿಸೆಂಬರ್ ತಿಂಗಳು. ಚಿತ್ರದುರ್ಗ ದಾಟುವವರೆಗೂ ಬಸ್ಸಿನಲ್ಲಿ ಯಾರೂ ಕಿಟಕಿ ಸರಿಸಲಿಲ್ಲ. ಟಿಕೆಟ್ಟಿಗೆ ನೂರಕ್ಕಿಂತ ಸ್ವಲ್ಪ ಹೆಚ್ಚು. ಚೀಲದಲ್ಲಿ ಎರಡು ಸೀರೆ, ಎಂಟು ಪೆನ್ಸಿಲ್ಲು, ಗೆರೆ ಹಾಕಿದ ನಾಲ್ಕು ನೋಟ್‌ಬುಕ್ಕು. ಊರಿನಲ್ಲಿ ಇಪ್ಪತ್ತು ವರ್ಷಗಳಿಂದ ಬೆರಳಚ್ಚು ಮತ್ತು ಶೀಘ್ರಲಿಪಿ ಕಲಿಸುತ್ತ ಬಂದಿದ್ದ ನನಗೆ ಬೆಂಗಳೂರಿನಿಂದ ಬಂದ ಮೊದಲ ಕರೆ ಅದು.

ಕರೆದವರು ಬಸವನಗುಡಿಯ ಸೀತಾಲಕ್ಷ್ಮಿ, ನಿವೃತ್ತ ಗಣಿತ ಉಪಾಧ್ಯಾಯಿನಿ. ಅವರೂ ನೆರೆಹೊರೆಯವರೂ ಸೇರಿ ಎರಡು ತಿಂಗಳಿಗೊಮ್ಮೆ ಚರ್ಚೆಯ ಸಭೆ ನಡೆಸುತ್ತಿದ್ದರು. ಹಿಂದಿನ ಸಲ ಟೇಪ್ ರೆಕಾರ್ಡರ್ ಇಟ್ಟು, ಆಮೇಲೆ ಕೇಳಿದರೆ ಫ್ಯಾನಿನ ಸದ್ದು ಬಿಟ್ಟು ಬೇರೇನೂ ಇರಲಿಲ್ಲವಂತೆ. ಈ ಸಲ ಒಂದು ಮಾತೂ ಬಿಡದ ಹಾಗೆ ಬರೆದುಕೊಂಡು, ಇಂಟರ್‌ನೆಟ್ಟಿನಲ್ಲಿ ಹಾಕಬೇಕು ಎನ್ನುವುದು ಅವರ ಆಸೆ. ‘ಬಸ್ಸಿನ ಖರ್ಚು, ಊಟ, ಹಾಸಿಗೆ ನಮ್ಮದು. ಪೆನ್ಸಿಲ್ ನಿಮ್ಮದು’ ಎಂದು ಕಾಗದ ಬರೆದಿದ್ದರು.

ಮೆಜೆಸ್ಟಿಕ್ಕಿನಲ್ಲಿ ಇಳಿದಾಗ ಹನ್ನೆರಡು ಗಂಟೆ. ಸಿಟಿ ಬಸ್ಸಿನಲ್ಲಿ ಗಾಂಧಿ ಬಜಾರಿಗೆ ಬಂದೆ. ರಸ್ತೆಯ ಒಂದು ಬದಿಯನ್ನು ಉದ್ದಕ್ಕೂ ಅಗೆದು ಕಿತ್ತಲೆ ಬಣ್ಣದ ಕೊಳವೆ ಹೂಳುತ್ತಿದ್ದರು. ಹೂವಿನವರು ಆ ಮಣ್ಣಿನ ದಿಬ್ಬದ ಮೇಲೇ ಹಲಗೆ ಹಾಕಿಕೊಂಡು ಸೇವಂತಿಗೆ ಮಾರುತ್ತಿದ್ದರು. ಸೀತಾಲಕ್ಷ್ಮಿಯವರ ಮನೆಗೆ ಹೋಗುವಷ್ಟರಲ್ಲಿ ನನ್ನ ಸೀರೆಯ ಅಂಚು ಕೆಂಪಾಗಿತ್ತು. ಅವರು ಬಾಗಿಲಲ್ಲೇ ನೋಡಿ, “ಇದೂ ಇವತ್ತಿನ ಚರ್ಚೇಲಿದೆ, ಬನ್ನಿ. ಮೊದಲು ಕಾಲು ತೊಳ್ಕೊಳ್ಳಿ” ಎಂದರು. ಎಪ್ಪತ್ತು ದಾಟಿದ, ಸಣ್ಣ ಆಳಿನ ಹೆಂಗಸು. ಅವರೆಕಾಳಿನ ಉಪ್ಪಿಟ್ಟು ಬಡಿಸುತ್ತಲೇ ನನ್ನ ವೇಗ ಎಷ್ಟು, ಇಬ್ಬರು ಒಟ್ಟಿಗೆ ಮಾತಾಡಿದರೆ ಏನು ಮಾಡುತ್ತೀರಿ ಎಂದೆಲ್ಲ ಪರೀಕ್ಷೆ ಮಾಡಿಬಿಟ್ಟರು.

ಸಭೆ ನಡೆದದ್ದು ಹತ್ತಿರದ ಒಂದು ಶಾಲೆಯ ಹಾಲಿನಲ್ಲಿ, ಮೂರೂವರೆಗೆ. ಅರವತ್ತು ಜನವಿದ್ದರು. ನನ್ನ ಮೇಜು ಮುಂದೆ, ಒಂದು ಪಕ್ಕದಲ್ಲಿ. ಅಲ್ಲಿನ ನಿಯಮವೊಂದು ನನಗೆ ಬಹಳ ಹಿಡಿಸಿತು. ಎದುರಾಳಿಯನ್ನು ಖಂಡಿಸುವ ಮುಂಚೆ ಅವರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಅವರು “ಹೌದು, ಅದನ್ನೇ ಹೇಳಿದ್ದು” ಎಂದು ಒಪ್ಪಿದ ಮೇಲೇ ನಿಮ್ಮ ವಾದ ಶುರು. ನಮ್ಮೂರಿನ ಎಷ್ಟೋ ಸಭೆಗಳಲ್ಲಿ ಮೈಕಿಗಾಗಿ ಜಗ್ಗಾಡುವುದನ್ನು ನೋಡಿದ್ದೆ. ಇಲ್ಲಿ ಗುಮಾಸ್ತರು, ಗೃಹಿಣಿಯರು, ಅವೆನ್ಯೂ ರಸ್ತೆಯ ಪುಸ್ತಕದ ವ್ಯಾಪಾರಿಯೊಬ್ಬರು, ಎಲ್ಲರೂ ಎದುರಾಳಿಯ ಮಾತನ್ನು ಕಿವಿಗೊಟ್ಟು ಕೇಳಿಸಿಕೊಳ್ಳುತ್ತಿದ್ದರು. ಕೇಳದಿದ್ದರೆ ತಿರುಗಿ ಹೇಳುವುದು ಹೇಗೆ?

ಮೊದಲು, ಇಂಟರ್‌ನೆಟ್ಟಿನ ಕೇಬಲ್ಲಿಗಾಗಿ ರಸ್ತೆ ಅಗೆಯುವ ವಿಷಯ. ನೀರಿನ ಪೈಪು ಒಡೆದು ನಾಲ್ಕು ದಿನ ನಲ್ಲಿ ಒಣಗಿದ್ದನ್ನು ಒಬ್ಬರು ಹೇಳಿದರು. ಮಲ್ಲೇಶ್ವರದಲ್ಲಿ ನೆಟ್ ಸೆಂಟರ್ ನಡೆಸುವ ನಾಗರಾಜ್ ಎದ್ದು, ಫೋನ್ ಲೈನಿನ ಮೇಲೆ ಒಂದು ಪುಟ ತೆರೆಯಲು ಎಷ್ಟು ಹೊತ್ತು ಕಾಯಬೇಕೆಂದು ವಿವರಿಸಿದರು. ಎರಡನೆಯದು, ನೆಟ್ ಸೆಂಟರಿಗೆ ಬಂದವರ ಹೆಸರು, ಅವರು ಏನು ನೋಡಿದರು ಎಂಬುದನ್ನೆಲ್ಲ ಪುಸ್ತಕದಲ್ಲಿ ಬರೆದಿಡಬೇಕೇ ಎಂಬ ಪ್ರಶ್ನೆ. ಕಳ್ಳರನ್ನು ಹಿಡಿಯಲು ಬೇಕು ಎಂದವರಿಗೆ ಸೀತಾಲಕ್ಷ್ಮಿಯವರೇ ಉತ್ತರ ಕೊಟ್ಟರು. ದನಿ ಏರಿಸದೆ, ಕಪ್ಪು ಹಲಗೆಯ ಮುಂದೆ ನಿಂತು ಲೆಕ್ಕ ಬಿಡಿಸುವವರ ಹಾಗೆ ಮಾತಾಡಿದರು. ನನ್ನ ಪೆನ್ಸಿಲ್ಲು ಆ ಮಾತನ್ನು ಬರೆಯುವಾಗ ಸಂತೋಷಪಟ್ಟಿತು ಎಂದೇ ಹೇಳಬೇಕು.

ಮೂರನೆಯದು ಆಸ್ಪತ್ರೆಯ ಖರ್ಚು. ನರ್ಸಿಂಗ್ ಹೋಮುಗಳು ತಮ್ಮ ದರಪಟ್ಟಿಯನ್ನು ಬಾಗಿಲಲ್ಲಿ ತೂಗುಹಾಕಬೇಕೇ? ಚಾಮರಾಜಪೇಟೆಯಲ್ಲಿ ಹತ್ತು ಹಾಸಿಗೆಯ ನರ್ಸಿಂಗ್ ಹೋಮ್ ನಡೆಸುತ್ತಿದ್ದ ಡಾಕ್ಟರ್ ಪ್ರಭಾಕರ್ ಬೇಡ ಎಂಬ ಪಕ್ಷ. ತಾಳ್ಮೆಯ ಮನುಷ್ಯ. “ಹೊಟ್ಟೆ ತೆರೆದ ಮೇಲೆ ಏನು ಸಿಗುತ್ತೋ ಮೊದಲೇ ಹೇಳೋಕಾಗಲ್ಲ. ಬೋರ್ಡು ನೋಡಿ ಜನ ಹೆದರಿ ವಾಪಸ್ ಹೋಗ್ತಾರೆ. ಎಷ್ಟಾಗುತ್ತೆ ಅಂತ ಯಾರು ಬೇಕಾದ್ರೂ ಕೇಳಬಹುದು, ನಾವು ಹೇಳ್ತೀವಿ” ಎಂದರು.

ಹಿಂದಿನ ಬೆಂಚಿನಿಂದ ಒಬ್ಬ ಹೆಂಗಸು ಎದ್ದು ನಿಂತಳು. ಹೆಸರು ಗೌರಮ್ಮ, ಚಾಮರಾಜಪೇಟೆಯಲ್ಲಿ ತರಕಾರಿ ವ್ಯಾಪಾರ. ನಿಯಮದಂತೆ ಮೊದಲು ಡಾಕ್ಟರ ಮಾತನ್ನು ತಿರುಗಿ ಹೇಳಿದಳು. “ಕೇಳಿದ್ರೆ ಹೇಳ್ತೀವಿ ಅಂತ ನೀವಂದ್ರಿ. ಅಷ್ಟೇ ತಾನೆ?”

“ಹೌದು, ಅದನ್ನೇ ಹೇಳಿದ್ದು” ಎಂದರು ಡಾಕ್ಟರು.

“ನನ್ನ ಮಗಳು ನಿಮ್ಮಲ್ಲೇ ಮಲಗಿದ್ಲು ಸ್ವಾಮಿ. ಮೂರು ದಿನ ಬಾಗಿಲಲ್ಲಿ ಕೂತಿದ್ದೆ. ಎಷ್ಟಾಗುತ್ತೆ ಅಂತ ಕೇಳೋಕೆ ಬಾಯಿ ಬರ್ಲಿಲ್ಲ. ಕೇಳಿದ್ರೆ ಇವ್ರು ದುಡ್ಡಿಲ್ಲದೋರು ಅಂತ ಗೊತ್ತಾಗಿ, ಮಗಳನ್ನ ಸರಿಯಾಗಿ ನೋಡಲ್ವೇನೋ ಅಂತ ಹೆದರಿಕೆ. ಗೋಡೆ ಮೇಲೆ ಬರೆದಿದ್ರೆ ನಾನು ಯಾರ ಮುಖಾನೂ ನೋಡದೆ ಓದ್ಕೊಂಡಿರ್ತಿದ್ದೆ.”

ಅಲ್ಲಿಗೆ ನಿಲ್ಲಿಸಿದ್ದರೆ ಸಾಕಾಗಿತ್ತು. ಆದರೆ ಮಾತು ಹರಿಯಿತು. ಮಗಳ ಹೆಸರು, ಅವಳಿಗೆ ಏನಾಗಿತ್ತು, ಯಾವ ಆಪರೇಷನ್ ಎಂಬುದನ್ನೆಲ್ಲ ಹೇಳಿಬಿಟ್ಟಳು. ನನ್ನ ಪುಸ್ತಕದಲ್ಲಿ ಅದು ನಾಲ್ಕು ಸಾಲು. ಡಾಕ್ಟರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು, ಉತ್ತರ ಹೇಳಲಿಲ್ಲ. ಸಭೆ ಮುಗಿಯಿತು.

ಮರುದಿನ ಭಾನುವಾರ. ಸೀತಾಲಕ್ಷ್ಮಿಯವರೂ ನಾನೂ ಬೆಳಗಿನ ತಿಂಡಿ ಮುಗಿಸಿ ಮಲ್ಲೇಶ್ವರಕ್ಕೆ ಬಸ್ಸು ಹತ್ತಿದೆವು. ಸಂಪಿಗೆ ರಸ್ತೆಯ ಒಂದು ಅಡ್ಡರಸ್ತೆಯಲ್ಲಿ, ಮೆಟ್ಟಿಲು ಹತ್ತಿ ಹೋಗಬೇಕಾದ ಮೊದಲ ಮಹಡಿಯಲ್ಲಿ ನಾಗರಾಜರ ನೆಟ್ ಸೆಂಟರ್. ಆರು ಕಂಪ್ಯೂಟರು, ಗಂಟೆಗೆ ಮೂವತ್ತು ರೂಪಾಯಿ, ನಮಗೆ ಪುಕ್ಕಟೆ. ನಾಗರಾಜ್ ಸೀತಾಲಕ್ಷ್ಮಿಯವರ ಹಳೆಯ ಶಿಷ್ಯ. ಟೀಚರ್ ಕುರ್ಚಿಯಲ್ಲಿ ಕೂರುವವರೆಗೂ ನಿಂತೇ ಇದ್ದರು. ಅವರ ಕೀಲಿಮಣೆ ನನ್ನ ಟೈಪ್‌ರೈಟರಿನ ಕ್ರಮದಲ್ಲೇ ಇದ್ದುದರಿಂದ ಕೆಲಸ ಸಲೀಸಾಗಿ ಸಾಗಿತು. ಹನ್ನೊಂದರ ಹೊತ್ತಿಗೆ ಆಸ್ಪತ್ರೆಯ ಭಾಗಕ್ಕೆ ಬಂದೆ.

ಆಗ ಗೌರಮ್ಮ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ಸೊಗಡವರೆಕಾಯಿಯ ಚೀಲ, ಮುಖವೆಲ್ಲ ಬೆವರು. ಸಭೆಯ ಮಾತು ನಾಗರಾಜರ ಸೆಂಟರಿನಿಂದ ಇಂಟರ್‌ನೆಟ್ಟಿಗೆ ಹೋಗುತ್ತದೆಂದು ಅವಳಿಗೆ ಬೆಳಿಗ್ಗೆ ಪುಸ್ತಕದ ವ್ಯಾಪಾರಿಯಿಂದ ಗೊತ್ತಾಗಿತ್ತು.

“ಟೀಚರಮ್ಮ, ನಾನು ಹೇಳಿದ್ದು ತೆಗ್ಸಿಬಿಡಿ. ಮಗಳ ಅತ್ತೆಮನೇಲಿ ಬೇರೆ ಏನೋ ಆಪರೇಷನ್ ಅಂತ ಹೇಳಿದೀವಿ. ಯಾರಾದ್ರೂ ಓದಿದ್ರೆ ನನ್ನ ಮಗಳ ಬಾಳು ಹಾಳಾಗುತ್ತೆ.”

ಸೀತಾಲಕ್ಷ್ಮಿಯವರು ಅವಳನ್ನು ಕೂರಿಸಿ ನೀರು ಕೊಡಿಸಿದರು. ಆದರೆ ಒಪ್ಪಲಿಲ್ಲ. “ಗೌರಮ್ಮ, ಅರವತ್ತು ಜನರ ಎದುರು ಆಡಿದ ಮಾತು. ಇವತ್ತು ನಿಮ್ಮದು ತೆಗೆದ್ರೆ ನಾಳೆ ಇನ್ನೊಬ್ಬರು ಬರ್ತಾರೆ. ನಿನ್ನೆ ಇಡೀ ಸಭೇಲಿ ಗಟ್ಟಿ ಮಾತು ಅಂದ್ರೆ ನಿಮ್ಮದೇ. ಅದನ್ನ ತೆಗೆದು ಡಾಕ್ಟರ ಮಾತು ಮಾತ್ರ ಇಟ್ರೆ ಯಾರಿಗೆ ನ್ಯಾಯ?”

ಅವರ ಮಾತಿನಲ್ಲಿ ಹುರುಳಿತ್ತು. ಒಂದು ಮಾತೂ ಬಿಡಬಾರದೆಂದು ನಾನೂ ಇಪ್ಪತ್ತು ವರ್ಷ ಮಕ್ಕಳಿಗೆ ಕಲಿಸಿದವಳು. ಆದರೆ ಗೌರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದನ್ನು ನೋಡಿ ನನಗೆ ಟೈಪು ಮುಂದುವರಿಸಲು ಆಗಲಿಲ್ಲ. ನೋಟ್‌ಬುಕ್ಕಿನ ಪುಟ ಹಿಂದಕ್ಕೆ ತಿರುವಿದೆ. “ನಿನ್ನೆ ನೀವೊಂದು ಮಾತು ಹೇಳಿದ್ರಿ, ಓದ್ಲಾ?” ಎಂದು ಸೀತಾಲಕ್ಷ್ಮಿಯವರನ್ನು ಕೇಳಿದೆ.

“ಓದಿ.”

ಓದಿದೆ: “ನಾನು ಯಾವ ಕಾಯಿಲೆ ಬಗ್ಗೆ ಹುಡುಕ್ತೀನಿ, ಯಾವ ಊರಿನ ರೈಲು ನೋಡ್ತೀನಿ, ಅದು ನನ್ನದು. ಕೇಳೋರು ಒಳ್ಳೆ ಉದ್ದೇಶಕ್ಕೇ ಕೇಳ್ತಿರಬಹುದು. ಆದ್ರೂ ನನ್ನನ್ನ ಕೇಳದೆ ಅದನ್ನ ಪುಸ್ತಕದಲ್ಲಿ ಬರೆಯೋ ಅಧಿಕಾರ ಯಾರಿಗೂ ಇಲ್ಲ.”

ಪಕ್ಕದ ಕಂಪ್ಯೂಟರಿನಲ್ಲಿ ಇಬ್ಬರು ಹುಡುಗಿಯರು ಪರೀಕ್ಷೆಯ ಫಲಿತಾಂಶಕ್ಕೆ ಕಾಯುತ್ತಿದ್ದರು. ಅವರೂ ತಿರುಗಿ ನೋಡಿದರು. ಸೀತಾಲಕ್ಷ್ಮಿಯವರ ಮುಖ ಕೆಂಪಾಯಿತು. ನಾನು ಅತಿಯಾಗಿ ಮಾತಾಡಿದೆನೇನೋ ಎಂದು ಹೆದರಿದೆ. ಅತಿಥಿಯಾಗಿ ಬಂದವಳು. ಅವರು ನನ್ನ ನೋಟ್‌ಬುಕ್ಕಿನ ಕಡೆ ನೋಡಿ, “ಹೌದು, ಅದನ್ನೇ ಹೇಳಿದ್ದು” ಎಂದರು. ಆಮೇಲೆ ಗೌರಮ್ಮನ ಕಡೆ ತಿರುಗಿ, “ಇದು ನನ್ನದೂ ಅಲ್ಲ, ನಿಮ್ಮದೂ ಅಲ್ಲ. ಮಗಳು ಎಲ್ಲಿದಾಳೆ?” ಎಂದು ಕೇಳಿದರು.

“ಇಲ್ಲೇ ವೈಯಾಲಿಕಾವಲ್‌ನಲ್ಲಿ.”

“ಹಾಗಿದ್ರೆ ನಡೀರಿ. ಅವಳನ್ನೇ ಕೇಳೋಣ.”

ಮೂವರೂ ನಡೆದುಕೊಂಡು ಹೊರಟೆವು. ಇಪ್ಪತ್ತು ನಿಮಿಷದ ದಾರಿ, ಚಳಿಗಾಲದ ಹದವಾದ ಬಿಸಿಲು. ಮಗಳು ಮಂಜುಳಾ ರಸ್ತೆ ಬದಿಯ ಒಂದು ಪುಟ್ಟ ಅಂಗಡಿಯಲ್ಲಿ ರವಿಕೆ ಹೊಲಿಯುತ್ತಿದ್ದಳು. ಮದುವೆಯ ಕಾಲವಾದ್ದರಿಂದ ಭಾನುವಾರವೂ ಕೆಲಸ. ಇಪ್ಪತ್ತಾರರ ವಯಸ್ಸು, ಕತ್ತಿನಲ್ಲಿ ಅಳತೆಯ ಟೇಪು. ತಾಯಿ ತೊದಲುತ್ತ ವಿಷಯ ಹೇಳಿದಾಗ ಅವಳು ಹೊಲಿಗೆ ನಿಲ್ಲಿಸಿದಳು.

“ಅಷ್ಟು ಜನರ ಮುಂದೆ ನನ್ನ ಹೆಸರು ಹೇಳ್ಬಿಟ್ಯಾ ಅಮ್ಮ? ನನ್ನನ್ನ ಒಂದ್ ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?”

ಗೌರಮ್ಮ ಹೊರಗೆ ಜಗಲಿಯ ಮೇಲೆ ಹೋಗಿ ಕೂತಳು. ಸೀತಾಲಕ್ಷ್ಮಿಯವರೂ ಅವಳ ಪಕ್ಕದಲ್ಲಿ ಕೂತರು. ಮಂಜುಳಾ ನನ್ನ ಕಡೆ ನೋಡಿ, “ಅಕ್ಕ, ಅಮ್ಮ ಏನು ಹೇಳಿದ್ಲೋ ಅದನ್ನ ಪೂರ್ತಿ ಓದಿ” ಎಂದಳು. ಪಕ್ಕದ ಅಂಗಡಿಯವರಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ಓದಿದೆ.

ಬಾಗಿಲಲ್ಲಿ ಮೂರು ದಿನ ಕೂತದ್ದು, ಕೇಳಲು ಬಾಯಿ ಬಾರದ್ದು, ಮಗಳನ್ನು ಸರಿಯಾಗಿ ನೋಡದೆ ಹೋದಾರೆಂಬ ಹೆದರಿಕೆ, ಇದು ಬಂದಾಗ ಅವಳು ಕೈ ಎತ್ತಿ ನಿಲ್ಲಿಸಿದಳು. “ಇನ್ನೊಂದ್ ಸಲ ಓದಿ.” ಮತ್ತೆ ಓದಿದೆ. “ನಂಗಿದು ಗೊತ್ತೇ ಇಲ್ಲ ಅಕ್ಕ. ಎಲ್ಲ ವಿಚಾರಿಸಿದೀನಿ, ನೀನು ಸುಮ್ನೆ ಮಲಕ್ಕೋ ಅಂತಿದ್ಲು. ಒಳ್ಗೆ ಬರ್ದೆ ಬಾಗಿಲಲ್ಲೇ ಕೂತಿರ್ತಾಳಲ್ಲ ಅಂತ ನಂಗೆ ಕೋಪಾನೂ ಬಂದಿತ್ತು.” ಅಳಲಿಲ್ಲ. ಹೊಲಿಯುತ್ತಿದ್ದ ರವಿಕೆಯನ್ನು ಮಡಿಸಿಟ್ಟಳು, ಬಿಚ್ಚಿದಳು, ಮತ್ತೆ ಮಡಿಸಿಟ್ಟಳು.

ಪೂರ್ತಿ ಕೇಳಿದ ಮೇಲೆ ಅವಳ ತೀರ್ಮಾನ ಸ್ಪಷ್ಟವಾಗಿತ್ತು. “ಅಮ್ಮ ಹೆದರಿದ್ದು ಇರ್ಲಿ. ಗೋಡೆ ಮೇಲೆ ಬರೀಬೇಕು ಅಂದಿದ್ದೂ ಇರ್ಲಿ. ಅದು ಅವಳ ಮಾತು. ನನ್ನ ಹೆಸರು, ನನ್ನ ಮೈ ವಿಷಯ ಬೇಡ. ಆ ನಾಲ್ಕು ಸಾಲು ತೆಗೀರಿ.” ನಂತರ ನೋಟ್‌ಬುಕ್ಕಿನ ಕಡೆ ಕೈ ತೋರಿಸಿದಳು. “ಅಲ್ಲೂ ಇರುತ್ತಲ್ಲ?”

ಆ ಹಾಳೆಯಲ್ಲಿದ್ದ ಉಳಿದ ಸಾಲುಗಳನ್ನು ಇನ್ನೊಂದು ಪುಟಕ್ಕೆ ಇಳಿಸಿಕೊಂಡು, ಹಾಳೆಯನ್ನು ಹರಿದು ಅವಳ ಕೈಗೆ ಕೊಟ್ಟೆ. ಅವಳು ಶೀಘ್ರಲಿಪಿಯ ಆ ಗೀಟುಗಳನ್ನು ತಿರುಗಿಸಿ ನೋಡಿ, “ಇದ್ರಲ್ಲಿ ನನ್ನ ಹೆಸರು ಯಾವ್ದು?” ಎಂದಳು. ಬೆರಳಿಟ್ಟು ತೋರಿಸಿದೆ. “ಇಷ್ಟೇನಾ!” ಎಂದು ಮೊದಲ ಸಲ ನಕ್ಕಳು. ಜಗಲಿಗೆ ಹೋಗಿ ತಾಯಿಯ ಪಕ್ಕ ಕೂತಳು. ಅವರಿಬ್ಬರು ಏನು ಮಾತಾಡಿದರೋ ನಾವು ಕೇಳಿಸಿಕೊಳ್ಳಲು ನಿಲ್ಲಲಿಲ್ಲ.

ನೆಟ್ ಸೆಂಟರಿಗೆ ಮರಳಿದ ಮೇಲೆ ಸೀತಾಲಕ್ಷ್ಮಿಯವರು ಡಾಕ್ಟರಿಗೆ ಫೋನ್ ಮಾಡಿ, ಗೌರಮ್ಮನ ಮಾತಿನಲ್ಲಿ ಇಷ್ಟು ಬಿಟ್ಟಿದ್ದೇವೆ, ಅಭ್ಯಂತರವಿದೆಯೇ ಎಂದು ಕೇಳಿದರು. ಆಮೇಲೆ ನನಗೆ ಕಣ್ಣಲ್ಲೇ ಸನ್ನೆ ಮಾಡಿ ಬರೆದುಕೊಳ್ಳಲು ಹೇಳಿ, ಆ ಕಡೆಯಿಂದ ಕೇಳಿದ್ದನ್ನು ಒಂದೊಂದೇ ಮಾತಾಗಿ ತಿರುಗಿ ಹೇಳಿದರು. ಡಾಕ್ಟರ ಮಾತು ಇಷ್ಟು: “ಅಭ್ಯಂತರವಿಲ್ಲ, ಬಿಡಲೇಬೇಕಾದ್ದು. ನಿನ್ನೆ ನಾನು ಕೊಡದ ಉತ್ತರವನ್ನೂ ಸೇರಿಸಿ. ಕೇಳಿದರೆ ಹೇಳುತ್ತೇವೆ ಎಂದೆ. ಕೇಳಲು ಹೆದರುವವರಿದ್ದಾರೆ ಎಂಬುದು ನನಗೆ ಹೊಳೆದಿರಲಿಲ್ಲ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.”

ಫೋನ್ ಲೈನು ಮೂರು ಸಲ ಕಡಿಯಿತು. ನಾಲ್ಕನೆಯ ಸಲ ಎಲ್ಲವೂ ಇಂಟರ್‌ನೆಟ್ಟಿಗೆ ಹೋಯಿತು. ನಾಗರಾಜ್ ಎದ್ದು ಚಪ್ಪಾಳೆ ತಟ್ಟಿದರು. ನಾನು ಕಡೆಯಲ್ಲಿ ಒಂದು ಸಾಲು ಟೈಪಿಸಿದ್ದೆ: ‘ಇಲ್ಲಿ ಕೆಲವು ಮಾತುಗಳನ್ನು, ಅವು ಯಾರಿಗೆ ಸೇರಿದವೋ ಅವರ ಇಚ್ಛೆಯಂತೆ ಬಿಟ್ಟಿದೆ.’ ಸೀತಾಲಕ್ಷ್ಮಿಯವರು ಅದನ್ನು ಎರಡು ಸಲ ಓದಿ, “ಮೊದಲೇ ಕೇಳ್ಬೇಕಿತ್ತು. ಸಭೆ ಶುರುವಾಗೋ ಮುಂಚೇನೇ ಎಲ್ಲರಿಗೂ ಹೇಳ್ಬೇಕಿತ್ತು. ತಪ್ಪು ನಂದು” ಎಂದರು. ಆ ವಯಸ್ಸಿನಲ್ಲಿ, ತಮ್ಮ ಶಿಷ್ಯನ ಎದುರಿಗೆ ಅಷ್ಟು ನೇರವಾಗಿ ಹಾಗೆ ಹೇಳಿದವರನ್ನು ನಾನು ಹೆಚ್ಚು ಕಂಡಿಲ್ಲ.

ಸೋಮವಾರ ಬೆಳಿಗ್ಗೆ ಊರಿಗೆ ಹೊರಡುವ ಮುಂಚೆ ಚಾಮರಾಜಪೇಟೆಗೆ ಹೋದೆ. ಗೌರಮ್ಮ ಅವರೆಕಾಯಿಯ ರಾಶಿಯ ಹಿಂದೆ ಕೂತಿದ್ದಳು. ನನ್ನ ಚೀಲ ಕಿತ್ತುಕೊಂಡು ಎರಡು ಕೇಜಿ ತುಂಬಿದಳು, ದುಡ್ಡು ಮುಟ್ಟಲಿಲ್ಲ. “ನಿನ್ನೆ ಮಗಳು ಊಟ ಮಾಡಿಸೇ ಕಳ್ಸಿದ್ಲು. ಬೈದ್ಲು, ಊಟಾನೂ ಹಾಕಿದ್ಲು” ಎಂದಳು. ಎರಡು ರಸ್ತೆಯಾಚೆ ಡಾಕ್ಟರ ನರ್ಸಿಂಗ್ ಹೋಮ್. ಕುತೂಹಲಕ್ಕೆ ಒಳಗೆ ಇಣುಕಿದೆ. ಹಣ ಕಟ್ಟುವ ಕಿಟಕಿಯ ಪಕ್ಕ ಕೈಬರಹದ ಒಂದು ಕಾಗದ ಅಂಟಿಸಿದ್ದರು. ಹಾಸಿಗೆಗೆ ಇಷ್ಟು, ಹೆರಿಗೆಗೆ ಇಷ್ಟು, ರಕ್ತಪರೀಕ್ಷೆಗೆ ಇಷ್ಟು. ಪಟ್ಟಿ ಅರ್ಧಕ್ಕೇ ನಿಂತಿತ್ತು. ಅಂಟು ಇನ್ನೂ ಹಸಿಯಾಗಿತ್ತು. ಒಬ್ಬ ಮುದುಕ ಕತ್ತೆತ್ತಿ, ತುಟಿ ಅಲ್ಲಾಡಿಸುತ್ತ ಅದನ್ನು ಓದುತ್ತಿದ್ದ.

ಹತ್ತು ಗಂಟೆಯ ಬಸ್ಸು ಹಿಡಿದು, ಹಿರಿಯೂರಿನಲ್ಲಿ ಮೊಸರನ್ನ ತಿಂದು, ಸಂಜೆ ನಾಲ್ಕೂವರೆಗೆ ಮನೆ ಸೇರಿದೆ. ನಾನು ಎಲ್ಲಿಗೆ ಹೋಗಿ ಬಂದರೂ ಬರೆದುಕೊಂಡದ್ದನ್ನು ಓದಿಸಿಕೊಂಡು ಕೇಳುವುದು ನಮ್ಮ ಯಜಮಾನರ ಅಭ್ಯಾಸ. ಅವರೆಕಾಯಿ ಬಿಡಿಸುತ್ತ ಕೂತು ಕೇಬಲ್ಲಿನ ಚರ್ಚೆ ಕೇಳಿದರು, ನೆಟ್ ಸೆಂಟರಿನದನ್ನು ಕೇಳಿದರು, ಗೌರಮ್ಮನ ಮಾತಿಗೆ ಕೈ ನಿಲ್ಲಿಸಿದರು. ಅಲ್ಲಿ ಹಾಳೆ ಹರಿದಿದ್ದು ಅವರ ಕಣ್ಣಿಗೆ ಬಿತ್ತು.

“ಇಲ್ಲೇನಿತ್ತು?”

ಇಪ್ಪತ್ತು ವರ್ಷದ ರೂಢಿ. ಒಮ್ಮೆ ಬರೆದದ್ದು ನನಗೆ ಮರೆತುಹೋಗುವುದಿಲ್ಲ. ನಾಲ್ಕೂ ಸಾಲು ಅಕ್ಷರ ಬಿಡದೆ ನಾಲಿಗೆಯ ತುದಿಯಲ್ಲಿದ್ದವು.

“ಅದು ನಮ್ಮದಲ್ಲ ರೀ” ಎಂದು ಹೇಳಿ, ಮುಂದಿನ ಪುಟ ತಿರುವಿ ಓದಿದೆ.