ಹಿತ್ತಲ ಗೋಡೆಯ ಮೇಲಿನ ಉಪ್ಪು

ಯಾರಾದರೂ ಒಂದು ಮಾತು ಹೇಳಿದರೆ ಅದು ಹೌದೋ ಅಲ್ಲವೋ ಎಂದು ಕೆದಕಿ ನೋಡದಿದ್ದರೆ ನನಗೆ ಅನ್ನ ಸೇರುವುದಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಹಾಗೆ. ಆದರೆ ಈ ಗುಣಕ್ಕೆ ಮೊದಲು ನೀರೆರೆದವರು ಶಿವಮೊಗ್ಗದ ಹೆಣ್ಣುಮಕ್ಕಳ ಸ್ಕೂಲಿನ ನಮ್ಮ ವಿಜ್ಞಾನದ ಮೇಷ್ಟ್ರು.

ಆಗ ನಾನು ಸೋದರಮಾವನ ಮನೆಯಲ್ಲಿದ್ದುಕೊಂಡು ಮಿಡ್ಲ್ ಸ್ಕೂಲಿಗೆ ಹೋಗುತ್ತಿದ್ದೆ. ಮೂವತ್ತರ ದಶಕದ ಕೊನೆ ಇರಬೇಕು. ಮೇಷ್ಟ್ರು ಒಂದು ದಿನ ಗಾಜಿನ ಲೋಟದಲ್ಲಿ ನೀರು, ಕಾಗದದ ಪೊಟ್ಟಣದಲ್ಲಿ ಹರಳುಪ್ಪು ತಂದರು. ಉಪ್ಪು ಹಾಕಿ ಕಡ್ಡಿಯಿಂದ ಕದಡಿ, "ಎಲ್ಲಿ ಹೋಯ್ತು?" ಎಂದರು. ಮುಂದಿನ ಬೆಂಚಿನವಳು, "ಇಲ್ಲ ಸಾರ್, ಮುಗೀತು" ಎಂದಳು. "ಮುಗೀತಾ? ಕೈ ಒಡ್ಡು" ಎಂದು ಎಲ್ಲರ ಅಂಗೈಗೂ ತೀರ್ಥದ ಹಾಗೆ ಒಂದೊಂದು ಹನಿ ಹಾಕಿದರು. ಉಪ್ಪು ತಿಂದವರು ನೀರು ಕುಡಿಯಲೇಬೇಕು; ಕ್ಲಾಸಿಗೆ ಕ್ಲಾಸೇ ವರಾಂಡದ ಮಡಕೆಗೆ ಮುತ್ತಿಕೊಂಡಿತು. ಉಳಿದ ನೀರನ್ನು ಅವರು ತಟ್ಟೆಗೆ ಸುರಿದು ಕಿಟಕಿಯ ಬಿಸಿಲಿಗೆ ಇಟ್ಟರು. ನೀರು ಆರಿದ ಮೇಲೆ ತಳದಲ್ಲಿ ಪುಟ್ಟ ಪುಟ್ಟ ಚೌಕಗಳು, ಅಡಿಕೋಲಿಟ್ಟು ಗೆರೆ ಎಳೆದಷ್ಟು ನೇರ. "ಕಾಣ್ಲಿಲ್ಲ ಅಂದ್ರೆ ಇಲ್ಲ ಅಂತಲ್ಲ ಮಕ್ಕಳೇ" ಎಂದರು ಮೇಷ್ಟ್ರು. ನನಗೆ ಆ ಚೌಕಗಳ ಹುಚ್ಚು ಹಿಡಿಯಿತು.

ದಸರಾ ರಜೆಗೆ ಭದ್ರಾವತಿಗೆ ಬಂದೆ. ಅಪ್ಪ ಅಲ್ಲಿ ಕಾರ್ಖಾನೆಯಲ್ಲಿ ಗುಮಾಸ್ತರು. ಬಂದು ನೋಡಿದರೆ ನಾಲ್ಕು ವರ್ಷದ ತಮ್ಮನಿಗೆ ಚಳಿಜ್ವರ. ದಿನ ಬಿಟ್ಟು ದಿನ, ಮಧ್ಯಾಹ್ನದ ಹೊತ್ತಿಗೆ ಹಲ್ಲು ಕಟಕಟ ಎನ್ನಿಸುತ್ತ ಬರುತ್ತಿತ್ತು. ನಮ್ಮ ಕಡೆ ಆಗ ಈ ಜ್ವರ ಕಾಣದ ಮನೆ ಇರಲಿಲ್ಲ. ನಾನು ತೊಟ್ಟಿಲಲ್ಲಿದ್ದಾಗ ನನ್ನ ಅಕ್ಕನೊಬ್ಬಳು ಇದೇ ಜ್ವರದಲ್ಲಿ ಹೋಗಿದ್ದಳೆಂದು ಮಾವನ ಮನೆಯಲ್ಲಿ ಕೇಳಿದ್ದೆ. ಅವಳ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಅಪ್ಪ ಆಸ್ಪತ್ರೆಯಿಂದ ಕ್ವಿನೈನ್ ಪುಡಿಯ ಪೊಟ್ಟಣಗಳನ್ನು ತಂದಿದ್ದರು. ಜ್ವರವಿಲ್ಲದ ದಿನವೂ ತಪ್ಪದೆ ಕೊಡಬೇಕೆಂದು ಕಾಂಪೌಂಡರ್ ಹೇಳಿ ಕಳಿಸಿದ್ದ. ಕಹಿಗೆ ಮಗು ವಾಂತಿ ಮಾಡುತ್ತಿತ್ತು. "ನಗ್ತಾ ಆಡ್ತಾ ಇರೋ ಮಗೂಗೆ ಯಾಕೆ ಈ ವಿಷ ಹಾಕ್ತೀಯ?" ಎಂದಳು ಅಜ್ಜಿ, ಅಪ್ಪನ ತಾಯಿ. ಅಮ್ಮನಿಗೂ ಅದೇ ಬೇಕಾಗಿತ್ತು. ಪೊಟ್ಟಣಗಳು ಗೋಡೆಯ ಗೂಡು ಸೇರಿದವು. ಮತ್ತೆ ಜ್ವರ ಬಂದ ದಿನ ಅಜ್ಜಿ ತನ್ನ ಔಷಧ ಮಾಡಿದಳು. ಹಿಡಿ ಉಪ್ಪು ತೆಗೆದು ಮಗುವಿಗೆ ತಲೆಯಿಂದ ಕಾಲಿನವರೆಗೆ ನಿವಾಳಿಸಿ, ಬೋಗುಣಿಯ ನೀರಿಗೆ ಹಾಕಿ, "ಉಪ್ಪು ಕರಗಿದ ಹಾಗೆ ಕೆಟ್ಟ ಕಣ್ಣು ಕರಗಿಹೋಗ್ಲಿ" ಎಂದಳು. ಕೊನೆಯ ಹರಳು ಕಣ್ಮರೆಯಾಗುವವರೆಗೆ ಅಮ್ಮ ಬೋಗುಣಿಯಿಂದ ಕಣ್ಣು ಕೀಳಲಿಲ್ಲ. ಆಮೇಲೆ ಉಸಿರು ಬಿಟ್ಟು ಎದ್ದಳು.

ಆ ನೀರನ್ನು ಯಾರೂ ತುಳಿಯದ ಕಡೆ ಚೆಲ್ಲಿ ಬರುವುದು ನನ್ನ ಪಾಲಿಗೆ ಬಂತು. ಚೆಲ್ಲಿದೆ. ಎಲ್ಲವನ್ನೂ ಅಲ್ಲ. ಸ್ವಲ್ಪವನ್ನು ಅಂಚು ಒಡೆದ ಪಿಂಗಾಣಿ ತಟ್ಟೆಗೆ ಬಗ್ಗಿಸಿ ಹಿತ್ತಲ ಗೋಡೆಯ ಮೇಲಿಟ್ಟೆ. ಅಜ್ಜಿಯನ್ನು ಸುಳ್ಳು ಮಾಡಬೇಕೆಂಬ ಹಟವೇನೂ ಇರಲಿಲ್ಲ. ಚೌಕಗಳು ನಮ್ಮ ಮನೆಯಲ್ಲೂ ಬರುತ್ತವೆಯೇ ಎಂದು ನೋಡಬೇಕಿತ್ತು, ಅಷ್ಟೇ. ಮಾರನೆಯ ದಿನ ತಮ್ಮ ಚೆನ್ನಾಗಿ ಉಂಡ, ನನ್ನ ಜಡೆ ಎಳೆದ. ಅಜ್ಜಿ ಬೀಗಿದಳು. ಅದರ ಮಾರನೆಯ ದಿನ ಮಧ್ಯಾಹ್ನ ತಟ್ಟೆಯಲ್ಲಿ ನನ್ನ ಚೌಕಗಳು ಮೂಡಿದ್ದವು. ಶಿವಮೊಗ್ಗದವಕ್ಕಿಂತ ದೊಡ್ಡವು! ಕುಣಿದುಕೊಂಡು ಒಳಗೆ ಓಡಿದೆ.

"ಅಮ್ಮಾ, ನೋಡಿಲ್ಲಿ! ನಿವಾಳಿಸಿದ ಉಪ್ಪು ಎಲ್ಲೂ ಹೋಗಿಲ್ಲ, ಇಲ್ಲೇ ಇದೆ!"

ಅಮ್ಮ ತಮ್ಮನಿಗೆ ಎರಡನೆಯ ಕಂಬಳಿ ಹೊದಿಸುತ್ತಿದ್ದಳು. ಜ್ವರ ಆಗತಾನೇ ಮತ್ತೆ ಬಂದಿತ್ತು.

ಅಜ್ಜಿ ಎದೆ ಹಿಡಿದುಕೊಂಡಳು. "ಏನ್ ಮಾಡಿಟ್ಟೆ ಮಾರಾಯ್ತಿ! ಕಳ್ಸಿದ್ದನ್ನ ಒಣಗಿಸಿ ಮನೆಯೊಳಗೆ ತಂದ್ಯಲ್ಲೇ! ಓದಿ ಓದಿ ಮರುಳಾದ ಕೂಚಂಭಟ್ಟ ಅಂದಂಗಾಯ್ತು. ಇನ್ನು ಸ್ಕೂಲೂ ಬೇಡ, ಶಿವಮೊಗ್ಗಾನೂ ಬೇಡ." ನನಗೆ ಅಳು, ಕೋಪ ಎರಡೂ ಒಟ್ಟಿಗೆ ಬಂದವು. ಉಪ್ಪು ಬಂದದ್ದು ಬಿಸಿಲಿಗೆ, ಜ್ವರ ಬಂದದ್ದು ತನ್ನ ದಿನಕ್ಕೆ. ಇದರಲ್ಲಿ ನನ್ನದೇನು?

ಅಮ್ಮ ಬೈಯಲಿಲ್ಲ. ತಟ್ಟೆಯನ್ನು ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದಳು.

"ಇದು ಮೊನ್ನೆ ಆ ನೀರಲ್ಲೇ ಇತ್ತಾ?"

"ಇತ್ತು."

"ನನ್ನ ಕಣ್ಣೆದುರಿಗೇ ಕರಗಿಹೋಯ್ತಲ್ಲೇ."

"ಕರಗಿತ್ತಮ್ಮ. ಹೋಗಿರ್ಲಿಲ್ಲ. ಕಾಣ್ತಿರ್ಲಿಲ್ಲ ಅಷ್ಟೇ."

ಅಮ್ಮ ತಮ್ಮನ ಕಡೆ ತಿರುಗಿದಳು. "ಹಾಗಾದ್ರೆ ಜ್ವರ ನಿನ್ನೆಯೂ ಇವನ ಮೈಯಲ್ಲೇ ಇತ್ತು" ಎಂದಳು. ಹೇಳಿದ್ದು ನನಗೋ ತನಗೋ ಗೊತ್ತಾಗಲಿಲ್ಲ. ಎದ್ದು ಗೂಡಿನಿಂದ ಪೊಟ್ಟಣಗಳನ್ನು ತೆಗೆದಳು. ಪಾಠ ಕೇಳಿದ್ದು ನಾನು, ಅರ್ಥವಾದದ್ದು ಅವಳಿಗೆ.

ಮಾರನೆಯ ಬೆಳಿಗ್ಗೆ ಜ್ವರ ಬಿಟ್ಟಿತ್ತು. ತಮ್ಮ ಜಗಲಿಯಲ್ಲಿ ಹುಣಸೆಬೀಜ ಹರಡಿಕೊಂಡು ಆಡುತ್ತಿದ್ದ. ಅಮ್ಮ ಬೆಲ್ಲದಲ್ಲಿ ಪುಡಿ ಕಲಸಿ ತಂದಳು. ಅಜ್ಜಿ ಅಡ್ಡ ಬಂದಳು.

"ಬೇಡ ಕಣೇ. ನೋಡು, ಎಷ್ಟು ಚೆನ್ನಾಗಿ ನಗ್ತಿದಾನೆ."

"ಅವಳೂ ನಗ್ತಿದ್ದಳು ಅತ್ತೆ" ಎಂದಳು ಅಮ್ಮ. "ಹಿಂದಿನ ದಿನ ಪೂರ್ತಿ ನಗ್ತಿದ್ದಳು. ಜ್ವರ ಹೋಯ್ತು ಅಂತ ನಾವಿಬ್ಬರೂ ಸೇರಿ ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿದ್ವಿ."

ನನ್ನ ಅಕ್ಕನ ಮಾತು ಆ ಮನೆಯಲ್ಲಿ ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ಅಜ್ಜಿ ಕೆಳಗೆ ಕೂತು, ತಮ್ಮನನ್ನು ತೊಡೆಯ ಮೇಲೆ ಹಾಕಿಕೊಂಡು, ಅವನು ಕೊಸರದಂತೆ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದಳು. ಅಮ್ಮ ಪುಡಿಯನ್ನು ಅವನ ಬಾಯಿಗೆ ಹಾಕಿದಳು.

ರಜೆ ಮುಗಿದು ನಾನು ಶಿವಮೊಗ್ಗಕ್ಕೆ ಹೊರಟ ದಿನ ತಮ್ಮ ಅಜ್ಜಿಯ ಸೊಂಟದ ಮೇಲೆ ಕೂತು ಕೈ ಬೀಸಿದ. ಸ್ಕೂಲು ಬಿಡಿಸುವ ಮಾತನ್ನು ಅಜ್ಜಿ ಮತ್ತೆ ಆಡಲಿಲ್ಲ.