ಪ್ರಾರ್ಥನೆಯಲ್ಲಿ ಖಾಲಿ ಬಿಟ್ಟ ಜಾಗ

ದೆಹಲಿಯಲ್ಲಿ ನಮ್ಮ ಕನ್ನಡ ಕ್ರೈಸ್ತರ ಆರಾಧನೆಗೆ ಸ್ವಂತ ದೇವಾಲಯ ಇರಲಿಲ್ಲ. ತಿಂಗಳ ಎರಡನೆಯ ಭಾನುವಾರ, ಹಿಂದಿ ಸಭೆಯವರು ಮುಗಿಸಿ ಮನೆಗೆ ಹೋದ ಮೇಲೆ, ಅವರ ಹಳೆಯ ಕಲ್ಲಿನ ದೇವಾಲಯ ಮಧ್ಯಾಹ್ನ ಮೂರರಿಂದ ಐದರವರೆಗೆ ನಮ್ಮದಾಗುತ್ತಿತ್ತು. ಫರೀದಾಬಾದಿನಿಂದ ಎರಡು ಬಸ್ಸು ಬದಲಿಸಿ ಅಲ್ಲಿಗೆ ತಲುಪುವಷ್ಟರಲ್ಲಿ ನನಗೆ ಅರ್ಧ ನಿದ್ದೆ ಹತ್ತಿರುತ್ತಿತ್ತು. ಅದಕ್ಕೇ ಇರಬೇಕು, ಈಗ ನೆನೆದರೂ ಆ ಮಧ್ಯಾಹ್ನಗಳು ನಿದ್ದೆಗೂ ಎಚ್ಚರಕ್ಕೂ ನಡುವೆ ಎಲ್ಲೋ ನಡೆದಂತೆ ತೋರುತ್ತವೆ. ಎತ್ತರದ ಕಿಟಕಿಯ ಬಣ್ಣದ ಗಾಜಿನಿಂದ ಬಿಸಿಲು ಇಳಿದು ಬೆಂಚುಗಳ ಮೇಲೆ ತೀರ ನಿಧಾನವಾಗಿ ಸರಿಯುತ್ತಿತ್ತು. ಹೆಂಗಸರು ತಲೆಯ ಮೇಲೆ ಸೆರಗು ಹೊದ್ದು ಎಡಕ್ಕೆ, ಗಂಡಸರು ಬಲಕ್ಕೆ. ಹಾರ್ಮೋನಿಯಂ ನುಡಿಸುತ್ತಿದ್ದವರು ರೈಲ್ವೆಯಿಂದ ನಿವೃತ್ತರಾದ ಹಿರಿಯರು. ಒಂದು ಚರಣ ಮುಗಿದು ಇನ್ನೊಂದು ಶುರುವಾಗುವುದರೊಳಗೆ ಅವರು ಕನ್ನಡಕ ಒರೆಸಿ ಮತ್ತೆ ಹಾಕಿಕೊಳ್ಳುತ್ತಿದ್ದರು. ಮೂವತ್ತು ಜನ ಸೇರಿದರೆ ಅವತ್ತು ಹಬ್ಬ.

ಊರಿನಿಂದ ಸಭಾಪಾಲಕರು, ಅಂದರೆ ಪಾದ್ರಿಗಳು, ಬರುತ್ತಿದ್ದದ್ದು ವರ್ಷಕ್ಕೆ ಒಂದೋ ಎರಡೋ ಸಲ. ಉಳಿದ ತಿಂಗಳುಗಳಲ್ಲಿ ಆರಾಧನೆಯ ಕ್ರಮವನ್ನು ಓದುತ್ತಿದ್ದವಳು ನಾನು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದವಳಿಗೆ ಗಟ್ಟಿಯಾಗಿ, ತಪ್ಪಿಲ್ಲದೆ ಓದುವುದು ದೊಡ್ಡ ಮಾತಲ್ಲ. ತುಮಕೂರಿನ ದೇವಾಲಯದಲ್ಲಿ ನನ್ನ ತಂದೆ ಓದುತ್ತಿದ್ದ ಪುಸ್ತಕವೇ ನನ್ನ ಕೈಗೆ ಬಂದಿತ್ತು. ಎಲ್ಲಿ ತಡೆಯಬೇಕು, ಎಲ್ಲಿ ದನಿ ಇಳಿಸಬೇಕು ಎಂಬುದೆಲ್ಲ ಅವರಿಂದಲೇ ಕಲಿತದ್ದು. ನನ್ನಷ್ಟು ಚೆನ್ನಾಗಿ ಓದುವವರು ಆ ಗುಂಪಿನಲ್ಲಿ ಬೇರೆ ಯಾರೂ ಇರಲಿಲ್ಲ. ಜಂಬ ಎನ್ನುವುದಾದರೆ ಎನ್ನಿ, ಅದು ನಿಜವೇ ಆಗಿತ್ತು.

ನಮ್ಮ ಒಬ್ಬಳೇ ಮಗಳು ನೋಯಿಡಾದ ಐಟಿ ಕಂಪನಿ ಸೇರಿ, ಇಂದಿರಾಪುರಂನಲ್ಲಿ ಗೆಳತಿಯರ ಜೊತೆ ಫ್ಲ್ಯಾಟ್ ಹಿಡಿದ ಮೇಲೆ ಕನ್ನಡ ಆರಾಧನೆಗೆ ಬರುವುದನ್ನು ಬಿಟ್ಟಳು. ಅಲ್ಲೇ ಹತ್ತಿರದ ಯಾವುದೋ ಹೊಸ ಸಭೆಗೆ ಹೋಗುತ್ತಾಳೆಂದು ತಿಳಿಯಿತು. ನಾನು ಮನೆಯಲ್ಲಿ ಕುಳಿತು ದಿನಾ ಗೊಣಗಿದೆ. ಕೊನೆಗೆ ನಮ್ಮ ಮನೆಯವರು, ಅಂದರೆ ನನ್ನ ಗಂಡ, ಪತ್ರಿಕೆ ಮಡಚಿಟ್ಟು ಹೇಳಿದರು: "ಹೋಗಿ ನೋಡ್ಕೊಂಡಾದ್ರೂ ಬಾ ಮಾರಾಯ್ತಿ. ನೋಡದೆ ಬೈಯೋದು ನ್ಯಾಯ ಅಲ್ಲ."

ಹೋದೆ. ಅದು ಮದುವೆಗಳಿಗೆ ಬಾಡಿಗೆ ಕೊಡುವ ಬ್ಯಾಂಕ್ವೆಟ್ ಹಾಲ್. ಹಿಂದಿನ ದಿನದ ಮದುವೆಯ ಚೆಂಡುಹೂವಿನ ಸರಗಳು ಕಂಬಗಳಿಂದ ಇನ್ನೂ ಇಳಿದಿರಲಿಲ್ಲ. ಗಂಡುಹೆಣ್ಣು ಕೂರುವ ಕೆಂಪು ಮಖಮಲ್ಲಿನ ಸೋಫಾವನ್ನು ಗೋಡೆಗೆ ತಳ್ಳಿ ಅದರ ಮುಂದೆ ಡ್ರಮ್ ಸೆಟ್ ಇಟ್ಟಿದ್ದರು. ನಾನು ಅಭ್ಯಾಸಬಲದಿಂದ ಕೂರುವ ಮೊದಲು ಕುರ್ಚಿಯ ಮುಂದೆ ತಲೆತಗ್ಗಿಸಿ ನಿಂತು ಮೌನವಾಗಿ ಪ್ರಾರ್ಥಿಸುತ್ತಿದ್ದರೆ, ಟೀ ಶರ್ಟ್ ಹಾಕಿದ್ದ ಹುಡುಗಿಯೊಬ್ಬಳು ನನಗೆ ಹುಷಾರಿಲ್ಲವೆಂದುಕೊಂಡು ಓಡಿ ಬಂದು, "ಆಂಟಿ, ತಬಿಯತ್ ಠೀಕ್ ಹೈ ನಾ?" ಎಂದು ನೀರಿನ ಬಾಟಲಿ ಕೊಟ್ಟಳು. ಆಮೇಲೆ ದೀಪ ಆರಿಸಿದರು, ಗಿಟಾರು ಶುರುವಾಯಿತು. ಹಾಡಿನ ಸಾಲುಗಳು ಗೋಡೆಯ ಮೇಲೆ ಬೆಳಗಿದವು, ಮೂರೇ ಸಾಲು, ಅದನ್ನೇ ಇಪ್ಪತ್ತು ಸಲ. ಡ್ರಮ್ಮಿನ ಏಟು ನನ್ನ ಎದೆಯೊಳಗೆ ಬಂದು ಬೀಳುತ್ತಿತ್ತು. ಇದೇನು ಆರಾಧನೆಯೋ ಮದುವೆ ಮೆರವಣಿಗೆಯ ಬಾರಾತೋ ಎಂದುಕೊಂಡು ಮಗಳ ಕಡೆ ತಿರುಗಿದೆ.

ಅವಳು ಕಣ್ಣು ಮುಚ್ಚಿದ್ದಳು. ಎರಡೂ ಅಂಗೈಗಳನ್ನು ಮುಂದೆ ಚಾಚಿದ್ದಳು, ಪುಟ್ಟವಳಿದ್ದಾಗ ಸ್ನಾನ ಮಾಡಿಸಿ ಎತ್ತಿಕೊಳ್ಳಲು ಬಂದ ನನ್ನ ಕಡೆ ಚಾಚುತ್ತಿದ್ದ ಹಾಗೆ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳುವ ಪರಿವೆಯೂ ಅವಳಿಗಿರಲಿಲ್ಲ. ಅಷ್ಟು ಗದ್ದಲದಲ್ಲಿ ಅವಳ ಸುತ್ತ ಮಾತ್ರ ಸದ್ದಿಲ್ಲದ ಜಾಗವೊಂದು ಇದ್ದಂತೆ ಕಂಡಿತು. ನನಗೆ ಹೊಟ್ಟೆಕಿಚ್ಚಾಯಿತು. ನಾನು ಹೆತ್ತ ಮಗಳ ಮೇಲೆ, ಅದೂ ಪ್ರಾರ್ಥನೆಯ ವಿಷಯಕ್ಕೆ ಹೊಟ್ಟೆಕಿಚ್ಚು!

ಆ ಕಿಚ್ಚನ್ನು ಸೈಕಲ್ ರಿಕ್ಷಾದಲ್ಲಿ ಹಿಂತಿರುಗುವಾಗ ಅವಳ ಮೇಲೆಯೇ ತೀರಿಸಿಕೊಂಡೆ. ಕುಣಿತ, ಕೂಗಾಟ, ಇದರಲ್ಲಿ ಭಕ್ತಿ ಎಲ್ಲಿದೆ ಎಂದೆ. ಅವಳು, "ಮಮ್ಮಿ, ನೀವು ಬಹುತ್ ಅಚ್ಛಾ ಓದ್ತೀರಿ. ಬಟ್ ಬರೀ ಓದ್ತೀರಿ. ಪ್ರೇ ಯಾವಾಗ ಮಾಡ್ತೀರಿ?" ಎಂದಳು. ಹುಡುಗಾಟದ ದನಿ ಅದಲ್ಲ, ನಿಜವಾಗಿ ತಿಳಿಯಲೆಂದೇ ಕೇಳಿದ್ದಳು. "ಭಯ್ಯಾ, ಇಲ್ಲೇ ನಿಲ್ಲಿಸಿ" ಎಂದು ಕನ್ನಡದಲ್ಲೇ ಕೂಗಿ ನಾನು ಇಳಿದುಬಿಟ್ಟೆ. ಅವತ್ತಿನಿಂದ ಅವಳ ಸಭೆಯ ಮಾತನ್ನು ನಾನಾಗಲಿ ಅವಳಾಗಲಿ ಎತ್ತಲಿಲ್ಲ.

ಇಲ್ಲಿ ನನ್ನದೊಂದು ಪೆದ್ದುತನವನ್ನು ಹೇಳಬೇಕು. ನಾನು ಗಂಡನ ಹೆಸರು ಹೇಳಿದವಳಲ್ಲ. ಹೇಳಬಾರದೆಂದು ಬೈಬಲಿನಲ್ಲಿ ಎಲ್ಲೂ ಇಲ್ಲ, ಗೊತ್ತು. ನನ್ನ ಅಜ್ಜಿ ಹೇಳಲಿಲ್ಲ, ಅಮ್ಮ ಹೇಳಲಿಲ್ಲ, ನನಗೂ ಬಾಯಿ ಬರಲಿಲ್ಲ. ಕಷ್ಟವೇನೆಂದರೆ ಇವರದು ಯೇಸುವಿನ ಶಿಷ್ಯರಲ್ಲೊಬ್ಬರ ಹೆಸರು. ಸುವಾರ್ತೆ ಓದುವಾಗ ಆ ಹೆಸರು ಬಂದಲ್ಲೆಲ್ಲ ನಾನು "ಆ ಶಿಷ್ಯನು" ಎಂದು ಓದಿ ಮುಂದೆ ಸಾಗುತ್ತಿದ್ದೆ. ಹನ್ನೆರಡು ಜನರ ಪಟ್ಟಿ ಬಂದ ಭಾನುವಾರವಂತೂ ನಮ್ಮ ಸಭೆಗೆ ಹನ್ನೊಂದೇ ಶಿಷ್ಯರು. ಗಂಡಸರ ಸಾಲಿನಲ್ಲಿ ಇವರು ತಲೆ ಬಗ್ಗಿಸಿ ನಗು ತಡೆದುಕೊಳ್ಳುತ್ತಿದ್ದರು.

ಆ ಚಳಿಗಾಲದಲ್ಲಿ ಇವರಿಗೆ ಮೆಟ್ಟಿಲು ಹತ್ತಿದರೆ ಎದೆ ಹಿಡಿದಂತಾಗತೊಡಗಿತು. ಮೂರು ರಕ್ತನಾಳಗಳು ಕಟ್ಟಿವೆ, ಬೈಪಾಸ್ ಮಾಡಲೇಬೇಕು, ಹೃದಯ ಸ್ವಲ್ಪ ದುರ್ಬಲವಾಗಿದೆ, ಭರವಸೆ ಪೂರ್ತಿ ಕೊಡಲಾರೆವು ಎಂದರು ಡಾಕ್ಟರು. ಜನವರಿಯ ಒಂದು ಬೆಳಿಗ್ಗೆ ಎಂಟು ಗಂಟೆಗೆ ಇವರನ್ನು ಒಳಗೆ ಕರೆದೊಯ್ದರು. ಹೊರಗೆ ದಟ್ಟ ಮಂಜು. ಸ್ಟ್ರೆಚರಿನ ಮೇಲಿಂದ ಇವರು ಮಗಳಿಗೆ, "ಅಮ್ಮಂಗೆ ಏನಾದ್ರೂ ತಿನ್ನಿಸು" ಎಂದಷ್ಟೇ ಹೇಳಿದರು. ಬಾಗಿಲು ಎರಡು ಸಲ ಅಲ್ಲಾಡಿ ಮುಚ್ಚಿಕೊಂಡಿತು.

ಕಾಯುವ ಹಾಲಿನಲ್ಲಿ ಬಹಳ ಜನರಿದ್ದರು. ಕಿಟಕಿಗಳಾಚೆ ಬರೀ ಬಿಳುಪು, ರಸ್ತೆ ಇಲ್ಲ, ಮರ ಇಲ್ಲ, ದೆಹಲಿಯೇ ಇಲ್ಲ. ಗಾಜಿನ ಆಚೆ ಯಾರೋ ನಡೆದು ಹೋದರೆ ಅವರು ನೆಲ ಮುಟ್ಟುತ್ತಿದ್ದಾರೋ ಇಲ್ಲವೋ ತಿಳಿಯುತ್ತಿರಲಿಲ್ಲ. ಒಳಗೆ ಹೋದ ಮನುಷ್ಯ ತಿರುಗಿ ಬರಬೇಕು, ನನಗೆ ಬೇಕಾದದ್ದು ಅಷ್ಟೇ. ಅದನ್ನು ದೇವರಲ್ಲಿ ಕೇಳಲು ಹೋದರೆ ನನ್ನೊಳಗೆ ಮಾತೇ ಇರಲಿಲ್ಲ. ಎಷ್ಟೋ ವರ್ಷ ಊರವರಿಗೆಲ್ಲ ಪ್ರಾರ್ಥನೆ ಓದಿದವಳು ಕೈ ಜೋಡಿಸಿ ಕೂತು ಎದುರಿನ ಕಸದ ಬುಟ್ಟಿ ನೋಡುತ್ತಿದ್ದೆ. ಮಗಳು ರಿಕ್ಷಾದಲ್ಲಿ ಕೇಳಿದ್ದು ಸುಳ್ಳಲ್ಲ ಎನ್ನಿಸಿ ಭಯವಾಯಿತು.

ಅವಳ ಸಭೆಯ ನಾಲ್ವರು ಆಫೀಸಿಗೆ ಹೋಗುವ ಮುನ್ನ ಬಂದರು. ಸುತ್ತ ನಿಂತು, ನನ್ನ ಹೆಗಲ ಮೇಲೆ ಕೈಯಿಟ್ಟು, ಹಿಂದಿ ಇಂಗ್ಲಿಷ್ ಕಲಸಿ ಒಬ್ಬರ ಮೇಲೊಬ್ಬರು ಪ್ರಾರ್ಥಿಸಿದರು. ಒಬ್ಬಳು ಫ್ಲಾಸ್ಕಿನಲ್ಲಿ ಚಹಾ ತಂದಿದ್ದಳು. ನನಗೆ ಮುಜುಗರವೂ ಆಯಿತು, ಹೆಗಲಿಗೆ ಹಿತವೂ ಆಯಿತು. ಅವರು ಹೋದ ಮೇಲೂ ಮಗಳು ಅಂಗೈ ಚಾಚಿಕೊಂಡು ಪಿಸುಗುಡುತ್ತಲೇ ಇದ್ದಳು. ಹತ್ತಾಯಿತು, ಹನ್ನೊಂದೂವರೆಯಾಯಿತು. ಒಳಗಿನಿಂದ ಸುದ್ದಿಯಿಲ್ಲ. ಸ್ವಲ್ಪ ಹೊತ್ತಿಗೆ ಅವಳ ತುಟಿ ನಿಂತಿತು. ನನ್ನ ತೋಳಿಗೆ ಒರಗಿ ಹೇಳಿದಳು: "ಮಮ್ಮಿ, ನನ್ನ ಹತ್ರ ವರ್ಡ್ಸ್ ಖತಮ್. ಒಂದೇ ಮಾತು ಎಷ್ಟು ಸಲ ಹೇಳ್ಲಿ? ನಿಮ್ಮ ಆ ಬುಕ್ ತಂದಿದ್ದೀರಾ? ಪ್ಲೀಸ್ ಓದಿ."

ಪುಸ್ತಕ ಕೈಚೀಲದಲ್ಲೇ ಇತ್ತು. ಸೆರಗು ತಲೆಯ ಮೇಲೆ ಎಳೆದುಕೊಂಡು ರೋಗಿಗಳಿಗಾಗಿ ಮಾಡುವ ಪ್ರಾರ್ಥನೆ ತೆಗೆದೆ. ಎಷ್ಟೋ ಮನೆಗಳಲ್ಲಿ, ಎಷ್ಟೋ ಮಂಚಗಳ ಪಕ್ಕದಲ್ಲಿ ಓದಿದ ಪುಟ. ನಾನು ಓದತೊಡಗಿದಂತೆ ಮಗಳ ಉಸಿರು ನಿಧಾನವಾಯಿತು. ಅವಳಿಗೆ ಅರ್ಧ ಮಾತು ಅರ್ಥವಾಗದಿದ್ದರೂ ಆ ಏರಿಳಿತ ಹುಟ್ಟಿದಾಗಿನಿಂದ ಕಿವಿಗೆ ಬಿದ್ದದ್ದು. ನನಗೂ ಆ ಮಾತುಗಳ ಮೇಲೆ ಕಾಲೂರಿ ನಡೆಯಬಹುದು ಎನ್ನಿಸಿತು. "ಕರ್ತನೇ, ಶಯ್ಯೆಯಲ್ಲಿ ನರಳುವ ನಿನ್ನ ದಾಸನಾದ" ಎಂಬಲ್ಲಿಗೆ ಬಂದೆ. ಅಲ್ಲಿ ಪುಸ್ತಕದಲ್ಲಿ ಗೆರೆ ಎಳೆದು ಜಾಗ ಖಾಲಿ ಬಿಟ್ಟಿದ್ದಾರೆ. ರೋಗಿಯ ಹೆಸರು ಸೇರಿಸಿಕೊಂಡು ಓದಬೇಕು.

ನನ್ನ ದನಿ ನಿಂತಿತು. "ನನ್ನ ಯಜಮಾನರನ್ನು" ಎಂದು ದಾಟಿಹೋಗಲು ನೋಡಿದೆ. ಆ ಹಾಲಿನ ತುಂಬ ಹೆಂಗಸರು, ಶಾಲು ಹೊದ್ದು ಬಾಗಿಲು ನೋಡುತ್ತ ಕೂತವರು, ಎಲ್ಲರ ಯಜಮಾನರೂ ಒಳಗೇ ಇದ್ದಾರೆ. ದೇವರಿಗೆ ಯಾರೆಂದು ತಿಳಿಯದೆ ಹೋದರೆ? ವಯಸ್ಸಾದ ಹೆಂಗಸಿಗೆ ಇಂಥ ಮಕ್ಕಳ ಯೋಚನೆ ಬರಬಾರದು, ಬಂತು.

ಹೆಸರು ಹೇಳಿದೆ.

ಅದು ನನ್ನ ದನಿಯಂತೆ ಇರಲಿಲ್ಲ. ಮತ್ತೊಮ್ಮೆ ಹೇಳಿದೆ. ಆಮೇಲೆ ಪುಸ್ತಕದ ಮುಂದಿನ ಸಾಲುಗಳು ಕಾಣಲಿಲ್ಲ, ಬೇಕಾಗಲೂ ಇಲ್ಲ. ಎಲ್ಲಿ ತಡೆಯಬೇಕು, ಎಲ್ಲಿ ದನಿ ಇಳಿಸಬೇಕು ಎಂಬುದೆಲ್ಲ ಮರೆತುಹೋಗಿ ಆ ಹೆಸರೊಂದನ್ನೇ ಗಟ್ಟಿಯಾಗಿ, ಅಳುತ್ತ, ಎಷ್ಟು ಸಲ ಹೇಳಿದೆನೋ ತಿಳಿಯದು. ಸೆರಗು ಜಾರಿ ಹೆಗಲಿಗೆ ಬಿದ್ದಿತ್ತು. ಮಂಜಿನೊಳಗೆ ಯಾರನ್ನೋ ಕೂಗಿ ಕರೆದು ಹಾಗೆಯೇ ಕಾಯುತ್ತ ನಿಂತಂತಿತ್ತು, ಹೆದರಿಕೆ ಹೋಗಿರಲಿಲ್ಲ, ಆದರೆ ಕೇಳಿಸಿಕೊಳ್ಳುವವನು ಬಹಳ ಹತ್ತಿರದಲ್ಲೇ ಇದ್ದ. ಮಗಳು ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದಳು. ನನ್ನ ಬಾಯಿಂದ ಅವಳು ಆ ಹೆಸರು ಕೇಳಿದ್ದು ಅದೇ ಮೊದಲು. ಆಮೇಲೆ ಅವಳೇ ಪುಸ್ತಕ ಮುಚ್ಚಿ "ಆಮೆನ್" ಎಂದಳು.

ಎರಡೂವರೆಗೆ ಡಾಕ್ಟರು ಹೊರಗೆ ಬಂದು, ಆಪರೇಷನ್ ಚೆನ್ನಾಗಿ ಆಯಿತು ಎಂದರು. ಡ್ರಮ್ಮಿನ ಸದ್ದಿಗೆ ನನಗೆ ಆಮೇಲೂ ತಲೆನೋವೇ ಬರುತ್ತಿತ್ತು, ಮಗಳಿಗೆ ನಮ್ಮ ಹಾರ್ಮೋನಿಯಮ್ಮಿಗೆ ಆಕಳಿಕೆಯೇ ಬರುತ್ತಿತ್ತು. ಆದರೆ ಭಕ್ತಿ ಎಲ್ಲಿದೆ ಎಂದು ನಾನು ಮತ್ತೆ ಯಾರನ್ನೂ ಕೇಳಲಿಲ್ಲ.

ಮೂರನೆಯ ದಿನ ಹತ್ತು ನಿಮಿಷ ಇವರನ್ನು ನೋಡಲು ಬಿಟ್ಟರು. ಮಗಳ ಹೊಟ್ಟೆಯಲ್ಲಿ ಮಾತು ನಿಲ್ಲಲಿಲ್ಲ. "ಪಪ್ಪಾ, ಪತಾ ಹೈ? ಮಮ್ಮಿ ನಿಮ್ಮ ಹೆಸರು ಹೇಳಿದ್ರು! ಪ್ರೇ ಮಾಡ್ತಾ, ಎಲ್ಲರ ಮುಂದೆ, ಜೋರಾಗಿ!"

ಇವರು ನನ್ನನ್ನು ಬಹಳ ಹೊತ್ತು ನೋಡಿದರು. ತುಟಿ ಒಣಗಿತ್ತು, ದನಿ ಗಾಳಿಯಷ್ಟೇ ಇತ್ತು. "ಹೌದೇನೇ? ನನಗೂ ಒಂದ್ಸಲ ಕೇಳಿಸು."

ಬಾಯಿ ತೆರೆದೆ. ಮುಖವೆಲ್ಲ ಬಿಸಿಯಾಯಿತು. ಹೊದಿಕೆ ಸರಿಪಡಿಸಿದೆ, ಸರಿಯಾಗಿದ್ದ ದಿಂಬನ್ನು ಮತ್ತೆ ಸರಿಪಡಿಸಿದೆ. ಆಗಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದವರ ಮುಂದೆ ಬಾರದ ಮಾತನ್ನು ನಾನು ದೇವರ ಮುಂದೆ ಆಡಿದ್ದೆ.