ಸಿಸ್ಟರ್ ಎತ್ತದ ಫೋನು

ಸಾನಪಾಡಾ ಸ್ಟೇಶನ್ನಿನ ಹೊರಗೆ ಒಂದು ಉಡುಪಿ ಹೋಟೆಲ್ ಇದೆ. ಬೆಳಿಗ್ಗೆ ಏಳಕ್ಕೆ ಅಲ್ಲಿ ಉಪ್ಪಿಟ್ಟಿಗೆ ಒಗ್ಗರಣೆ ಬೀಳುತ್ತದೆ. ಸಾಸಿವೆ, ಹಸಿಮೆಣಸಿನಕಾಯಿ, ಕರಿಬೇವು, ಆಮೇಲೆ ಹುರಿದ ರವೆ... ಡ್ಯೂಟಿಗೆ ಓಡುವವರು ಕೂಡ ಆ ವಾಸನೆಗೆ ಒಂದು ಗಳಿಗೆ ನಿಲ್ಲುತ್ತಾರೆ. ನಾನು ಮಾತ್ರ ಮೂಗಿಗೆ ಓಢಣಿ ಹಿಡಿದುಕೊಂಡು ದಾಟಿಬಿಡುತ್ತೇನೆ. ಉಪ್ಪಿಟ್ಟು ತಿನ್ನುವುದನ್ನು ಬಿಟ್ಟು ಹದಿನೇಳು ವರ್ಷವಾಯಿತು. "ಮಮ್ಮಿ, ಉಪ್ಮಾ ಕಭೀ ಕ್ಯೂಂ ನಹೀ ಬನಾತಿ?" ಎಂದು ಮಗಳು ಕೇಳುತ್ತಾಳೆ, ಉಪ್ಪಿಟ್ಟು ಯಾಕೆ ಮಾಡುವುದೇ ಇಲ್ಲ ಎಂದು. ರವಾ ನನಗ ಆಗಿ ಬರಾಂಗಿಲ್ಲ ಎಂದು ಸುಳ್ಳು ಹೇಳುತ್ತೇನೆ. ಆ ವಾಸನೆ ಬಂದರೆ ಇಂದಿಗೂ ನನ್ನ ಅಂಗೈ ತಣ್ಣಗಾಗುತ್ತದೆ, ಹಳೆಯ ಆಸ್ಪತ್ರೆಯ ಸಿಸ್ಟರ್ ನೆನಪಾಗುತ್ತಾರೆ.

ಆಗ ನನಗೆ ಇಪ್ಪತ್ತಮೂರು. ವಿಜಯಪುರದ ಕಡೆಯ ಹಳ್ಳಿಯಿಂದ ಮದುವೆಯಾಗಿ ಮುಂಬೈ ಹತ್ತಿರದ ಕಲ್ಯಾಣ ಎಂಬ ಊರಿಗೆ ಬಂದವಳು. ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ ಗಂಡ ಸೆಂಟ್ರಿಂಗ್ ಮೇಲಿಂದ ಜಾರಿ ಬಿದ್ದು, ಕಾಲಿಗೆ ರಾಡು ಹಾಕಿಸಿಕೊಂಡು ಮನೆಯಲ್ಲಿ ಕೂತಿದ್ದರು. ಮಗಳಿಗೆ ಮೂರು ವರ್ಷ. ಯಾರದೋ ಕೈಕಾಲು ಹಿಡಿದು, ಠಾಣೆ ಶಹರದ ನೌಪಾಡಾದ ಒಂದು ಸಣ್ಣ ಆಸ್ಪತ್ರೆಯಲ್ಲಿ ಆಯಾ ಕೆಲಸ ಗಿಟ್ಟಿಸಿದ್ದೆ. ಈ ಕಡೆ ಆಸ್ಪತ್ರೆಯ ಆಯಾಗಳಿಗೆ ಎಲ್ಲರೂ ಮಾವಶಿ, ಅಂದರೆ ಚಿಕ್ಕವ್ವ, ಎನ್ನುತ್ತಾರೆ. ಎಪ್ಪತ್ತು ವರ್ಷದ ಪೇಷಂಟುಗಳಿಗೆಲ್ಲ ನಾನು ಮಾವಶಿಯಾಗಿಬಿಟ್ಟೆ. ನಮ್ಮವ್ವ ಕೇಳಿದ್ದರೆ ನಕ್ಕು ನಕ್ಕು ಸಾಯುತ್ತಿದ್ದಳು.

ಕನ್ನಡದಲ್ಲಿ ನಾನು ಬಾಯಿಬಡಕಿ. ನಾವಿದ್ದ ಚಾಳಿನ ನಲ್ಲಿಯ ಹತ್ತಿರ ನನ್ನ ಮುಂದೆ ಯಾರೂ ನಿಲ್ಲುತ್ತಿರಲಿಲ್ಲ. ಮರಾಠಿಯನ್ನು ನೀರಿನ ಜಗಳದಲ್ಲಿ ಕಲಿತೆ, ಹಿಂದಿಯನ್ನು ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ಸೀಟಿಗಾಗಿ ಜಗಳವಾಡುತ್ತ ಕಲಿತೆ. ಇಂಗ್ಲಿಷಿನಲ್ಲಿ ಜಗಳವಾಡುವವರು ನನಗೆ ಸಿಗಲಿಲ್ಲ. ಹಾಗಾಗಿ ಅದು ಬರಲಿಲ್ಲ. ಹತ್ತನೆಯವರೆಗೆ ಓದಿದ್ದು ಕನ್ನಡ ಸಾಲಿಯಲ್ಲಿ. ಎ ಬಿ ಸಿ ಡಿ ಗೊತ್ತಿತ್ತು, ಅಕ್ಷರ ಕೂಡಿಸಿ ಓದಲು ಬರುತ್ತಿತ್ತು. ಆದರೆ ಯಾರಾದರೂ ಎದುರು ನಿಂತು ಇಂಗ್ಲಿಷ್ ಶುರುಮಾಡಿದರೆ ಪೊರಕೆ ಎತ್ತಿಕೊಂಡು ಅಲ್ಲಿಂದ ಜಾಗ ಖಾಲಿ ಮಾಡುತ್ತಿದ್ದೆ.

ಸಿಸ್ಟರ್ ಎರಡನೇ ಮಹಡಿಯ ಇನ್‌ಚಾರ್ಜ್. ಉಡುಪಿ ಕಡೆಯವರು, ಡೊಂಬಿವಲಿಯಲ್ಲಿ ಮನೆ. ನಾನು ಸೇರಿದ ಮೂರನೇ ದಿನವೋ ನಾಲ್ಕನೇ ದಿನವೋ ನೆಲ ಒರೆಸುತ್ತ, "ಏನ್ ಗಲೀಜ ಮಾಡ್ಯಾರೋ ಏನೋ, ಇವರ ಮನೀ ಹಾಳಾಗ" ಎಂದು ಗೊಣಗುತ್ತಿದ್ದೆ. ಹಿಂದಿನಿಂದ ದನಿ ಬಂತು.

"ನೀನು ಕನ್ನಡದವಳಾ ಮಾರಾಯ್ತಿ?"

ಬೈಗುಳ ಕೇಳಿಸಿಕೊಂಡರಲ್ಲ ಎಂದು ನನ್ನ ಜೀವ ಬಾಯಿಗೆ ಬಂತು. ಅವರು ನಗುತ್ತಿದ್ದರು. ಅಂದಿನಿಂದ ನಾನು ಅವರ ಮಹಡಿಯವಳಾದೆ.

ಮಧ್ಯಾಹ್ನ ಮೂರಕ್ಕೆ ಚಹಾ ಬರುವ ಹೊತ್ತಿಗೆ ವಾರ್ಡು ಸ್ವಲ್ಪ ತಣ್ಣಗಿರುತ್ತಿತ್ತು. ಆಗ ಪಾಠ. ಪುಸ್ತಕವಿಲ್ಲ, ಏನಿಲ್ಲ. ಬಾಟಲಿಯ ಮೇಲಿನ ಚೀಟಿ, ಹಾಸಿಗೆಗೆ ತೂಗುಹಾಕುವ ಬೋರ್ಡು, ಅವೇ ನಮ್ಮ ಪಠ್ಯ. ದಿನಕ್ಕೆ ಐದು ಮಾತು. ನಾನು ಅವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಬೇಕು. 'ನಿಲ್ ಬೈ ಮೌತ್', ಬಾಯಿಗೆ ಏನೂ ಕೊಡಬಾರದು, ಎಂದು ಬರೆದುಕೊಂಡ ದಿನ ಅವರು ಚಹಾದ ಕಪ್ಪು ಕೆಳಗಿಟ್ಟು, ಹೊಟ್ಟೆ ತುಂಬಿದವರಿಗೆ ಅರಿವಳಿಕೆ ಕೊಟ್ಟರೆ ತಿಂದದ್ದು ಮೇಲೆ ಬಂದು ಉಸಿರಿನ ದಾರಿಗೆ ಹೋಗುತ್ತದೆ, ಮನುಷ್ಯ ಮಲಗಿದಲ್ಲೇ ಮುಗಿದುಹೋಗುತ್ತಾನೆ ಎಂದು ಬಿಡಿಸಿ ಹೇಳಿದರು. ಅದನ್ನು ನಾನು ಬರೆದುಕೊಳ್ಳಲಿಲ್ಲ, ಆದರೆ ಮರೆಯಲೂ ಇಲ್ಲ.

ನನಗೆ ನಿಜವಾದ ಹೆದರಿಕೆ ಇದ್ದದ್ದು ಕೌಂಟರಿನ ಮೇಲಿನ ಫೋನಿನದು. ಎದುರಿಗೆ ಮನುಷ್ಯರಿದ್ದರೆ ಕೈ ನೋಡಿ, ಮುಖ ನೋಡಿ ಅರ್ಧ ತಿಳಿದುಕೊಳ್ಳಬಹುದು. ಫೋನಿಗೆ ಮುಖವೂ ಇಲ್ಲ, ಕೈಯೂ ಇಲ್ಲ. ಸಿಸ್ಟರ್ ನನ್ನನ್ನು ಒಳಗಿನ ಕೋಣೆಗೆ ಕಳಿಸಿ, ತಾವು ಕೌಂಟರಿನಿಂದ ಅಲ್ಲಿಗೆ ಫೋನ್ ಮಾಡಿ ಡಾಕ್ಟರರ ಹಾಗೆ ಗಡಸು ದನಿಯಲ್ಲಿ ಇಂಗ್ಲಿಷ್ ಮಾತಾಡುತ್ತಿದ್ದರು. ಅವರದೊಂದು ನಿಯಮವಿತ್ತು. ಫೋನಿನಲ್ಲಿ ಕೇಳಿದ್ದನ್ನು ತಿರುಗಿ ಫೋನ್ ಮಾಡಿದವರಿಗೇ ಹೇಳಬೇಕು, ಆಮೇಲೆ ರಿಜಿಸ್ಟರಿನಲ್ಲಿ ಬರೆಯಬೇಕು.

"ಗೊತ್ತಾಗದಿದ್ರೆ ಗೊತ್ತಾಗ್ಲಿಲ್ಲ ಅಂತ ಹೇಳು. ಹೋಲ್ಡ್ ಮಾಡಿ ಅಂತ ಹೇಳಿ ನನ್ನನ್ನು ಕರಿ. ಯಾರೂ ನಿನ್ನನ್ನು ತಿನ್ನುದಿಲ್ಲ."

ಇದೊಂದು ಪಾಠ ಮಾತ್ರ ನನಗೆ ಹತ್ತಲಿಲ್ಲ. ನಮ್ಮ ಕಡೆ ಹಿರಿಯರು ಮಾತಾಡುವಾಗ "ಹೂಂನ್ರಿ, ಹೂಂನ್ರಿ" ಎನ್ನುತ್ತಿರಬೇಕು. ತಿಳಿಯಲಿ, ಬಿಡಲಿ, ಹೂಂಗುಡುವುದೇ ಮರ್ಯಾದೆ. ತಿಳೀಲಿಲ್ಲ ಎಂದರೆ ಎದುರು ಮಾತಾಡಿದ ಹಾಗೆ. ಆ ಹೂಂನ್ರಿಯನ್ನೇ ನಾನು ಇಂಗ್ಲಿಷಿಗೂ ತಂದಿದ್ದೆ. ಸಿಸ್ಟರ್ ಇಲ್ಲದಾಗ ಫೋನ್ ಎತ್ತಿದರೆ "ಯೆಸ್ ಡಾಕ್ಟರ್, ಓಕೆ ಡಾಕ್ಟರ್" ಎನ್ನುತ್ತಿದ್ದೆ. ಆ ಕಡೆಯವರು ಸಮಾಧಾನವಾಗಿ ಇಟ್ಟುಬಿಡುತ್ತಿದ್ದರು. ಹೆಚ್ಚಾಗಿ ಅದು ರೌಂಡಿಗೆ ಬರುತ್ತೇನೆ ಎನ್ನುವ ಫೋನೇ ಆಗಿರುತ್ತಿದ್ದರಿಂದ ನನ್ನ ಆಟ ನಡೆಯುತ್ತಿತ್ತು.

ಆ ಬೆಳಿಗ್ಗೆ ಏಳು ಗಂಟೆ. ಸಿಸ್ಟರ್ ಪರದೆಯ ಹಿಂದೆ ಒಬ್ಬರಿಗೆ ಡ್ರೆಸಿಂಗ್ ಮಾಡುತ್ತಿದ್ದರು. ಫೋನ್ ಬಂತು, ಎತ್ತಿದೆ. ಆಪರೇಶನ್ ಮಾಡುವ ದೊಡ್ಡ ಡಾಕ್ಟರು. ಟ್ರೇನು ತಪ್ಪುತ್ತದೆ ಎನ್ನುವವರ ಹಾಗೆ ಮಾತಾಡುತ್ತಿದ್ದರು. ಸಿಕ್ಸ್ ಎಂದದ್ದು ಕೇಳಿತು, ನೈನ್ ಎಂದದ್ದು ಕೇಳಿತು. ನಡುವಿನದೆಲ್ಲ ಬರೀ ಸದ್ದು. "ಯೆಸ್ ಡಾಕ್ಟರ್, ಓಕೆ ಡಾಕ್ಟರ್" ಎಂದೆ. ಇಟ್ಟರು. ಆರನೇ ಹಾಸಿಗೆಯವರನ್ನು ಒಂಬತ್ತಕ್ಕೆ ನೋಡಲು ಬರುತ್ತಾರೆ ಎಂದು ನನಗೆ ನಾನೇ ಅರ್ಥ ಮಾಡಿಕೊಂಡೆ. ಸಿಸ್ಟರಿಗೆ ಹೇಳಲಿಲ್ಲ. ಅವರು ಕೆಲಸದಲ್ಲಿದ್ದರು ಎನ್ನುವುದು ನೆಪ. ಹೇಳಿದರೆ, "ಕೇಳಿದ್ದನ್ನು ತಿರುಗಿ ಹೇಳು" ಎನ್ನುತ್ತಿದ್ದರು. ನನ್ನ ಬಂಡವಾಳ ಬಯಲಾಗುತ್ತಿತ್ತು.

ಎಂಟಕ್ಕೆ ನಾಷ್ಟಾದ ಗಾಡಿ ಬಂತು. ಆರನೇ ಹಾಸಿಗೆಯಲ್ಲಿ ಮಾಜಿವಾಡಾದ ಒಬ್ಬ ಅಜ್ಜ, ಹರ್ನಿಯಾ. ಅವರ ಆಪರೇಶನ್ ಮರುದಿನಕ್ಕಿತ್ತು. ಉಪ್ಪಿಟ್ಟು ಕೊಟ್ಟೆ. ರುಚಿಯಾಗಿದೆ ಮಾವಶಿ, ಇನ್ನೊಂದು ಚಮಚ ಹಾಕು ಎಂದು ಮರಾಠಿಯಲ್ಲಿ ಕೇಳಿದರು. ಎರಡು ಚಮಚ ಹಾಕಿದೆ, ಪ್ರೀತಿಯಿಂದ.

ಒಂಬತ್ತಕ್ಕೆ ಹತ್ತು ನಿಮಿಷ ಇದ್ದಾಗ ಆಪರೇಶನ್ ಥಿಯೇಟರಿನವರು ಟ್ರಾಲಿ ತಂದರು. ನಾಳೆಯದು ಇವತ್ತೇ ಆಗುತ್ತದೆ, ಸರ್ ಬೆಳಿಗ್ಗೆಯೇ ಫೋನ್ ಮಾಡಿದ್ದಾರೆ ಎಂದರು. ಏನಾದರೂ ತಿಂದಿದ್ದೀರಾ ಎಂದು ಅಜ್ಜನನ್ನು ಕೇಳಿದರು. ಅವರ ಮಗ ಕೆಲಸಕ್ಕೆ ರಜೆ ಹಾಕಿದ್ದ, ಅಜ್ಜನಿಗೆ ಒಮ್ಮೆ ಮುಗಿದರೆ ಸಾಕಿತ್ತು. "ಕಾಹೀ ನಾಹೀ" ಎಂದರು. ಏನೂ ತಿಂದಿಲ್ಲ ಎಂದರು. ಅವರ ಖಾಲಿ ತಟ್ಟೆ ನನ್ನ ಕೈಯಲ್ಲಿತ್ತು.

ಆಗ ತಿಳಿಯಿತು ನನಗೆ, ಬೆಳಗಿನ ಅಷ್ಟೂ ಇಂಗ್ಲಿಷು ಒಂದೇ ಸಲಕ್ಕೆ ತಿಳಿಯಿತು: ಆರನೇ ಹಾಸಿಗೆಯವರಿಗೆ ಒಂಬತ್ತಕ್ಕೆ ಆಪರೇಶನ್, ಬಾಯಿಗೆ ಏನೂ ಕೊಡಬೇಡಿ. ಟ್ರಾಲಿ ಲಿಫ್ಟಿನೊಳಗೆ ಹೋಯಿತು, ಬಾಗಿಲು ಮುಚ್ಚಿತು. ನಾನು ತಟ್ಟೆ ಹಿಡಿದುಕೊಂಡು ನಿಂತೇ ಇದ್ದೆ. ಹೇಳಿದರೆ ಕೆಲಸ ಹೋಗುತ್ತದೆ. ಕಲ್ಯಾಣದ ಕೋಣೆ, ಕಾಲು ಚಾಚಿ ಕೂತ ಗಂಡ, ಮಗಳು... ಎಷ್ಟು ಹೊತ್ತು ನಿಂತೆನೋ ಇಂದಿಗೂ ಗೊತ್ತಿಲ್ಲ. ಒಂದು ನಿಮಿಷವೋ, ಐದು ನಿಮಿಷವೋ... ಒಬ್ಬ ಮನುಷ್ಯ ಸಾಯಬಹುದು ಎಂದು ಗೊತ್ತಿದ್ದೂ ನಾನು ನಿಂತಿದ್ದೆ ಎನ್ನುವುದನ್ನು ಇಲ್ಲಿ ಬರೆಯಲೇಬೇಕು.

ಆಮೇಲೆ ಪರದೆಯ ಹಿಂದೆ ಇನ್ನೊಬ್ಬರಿಗೆ ಡ್ರೆಸಿಂಗ್ ಮಾಡುತ್ತಿದ್ದ ಸಿಸ್ಟರ್ ಹತ್ತಿರ ಓಡಿದೆ.

"ಸಿಸ್ಟರ್, ಆರನೇ ಬೆಡ್ಡಿನ ಅಜ್ಜಾರಿಗೆ ಉಪ್ಪಿಟ್ಟು ಕೊಟ್ಟೀನ್ರಿ. ಫೋನ್ ಬಂದಿತ್ರಿ, ನನಗ ತಿಳೀಲಿಲ್ರಿ."

ಅವರು ಕೈಯಲ್ಲಿದ್ದ ಬ್ಯಾಂಡೇಜನ್ನು ನನ್ನ ಕೈಗೆ ತುರುಕಿ ಓಡಿದರು. ಲಿಫ್ಟಿಗೆ ಕಾಯಲಿಲ್ಲ, ಮೆಟ್ಟಿಲು ಹತ್ತಿ ಓಡಿದರು. ಐವತ್ತರ ಹತ್ತಿರದ ಹೆಂಗಸು, ಮಂಡಿನೋವಿನವರು. ಥಿಯೇಟರಿನಲ್ಲಿ ಅರಿವಳಿಕೆಯ ಡಾಕ್ಟರು ಸೂಜಿ ಹಿಡಿದು ನಿಂತಿದ್ದರಂತೆ. ನಿಲ್ಲಿಸಿದರು. ಅಜ್ಜ ಹೋದ ಹಾಗೆಯೇ ಗೊಣಗುತ್ತ ವಾಪಸು ಬಂದರು. ಎರಡು ದಿನ ಬಿಟ್ಟು ಆಪರೇಶನ್ ಆಗಿ, ನಡೆದುಕೊಂಡೇ ಮನೆಗೆ ಹೋದರು.

ಆದರೆ ಅಂದು ದೊಡ್ಡ ಡಾಕ್ಟರು ಕೆಳಗಿಳಿದು ಬಂದರು. ಕೌಂಟರಿನ ಮುಂದೆ ನಿಂತು, "ಹೂ ಟುಕ್ ಮೈ ಕಾಲ್?" ಎಂದರು.

ಆ ಇಂಗ್ಲಿಷ್ ನನಗೆ ಪೂರ್ತಿ ಅರ್ಥವಾಯಿತು. ಸಿಸ್ಟರ್ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

"ಐ ಟುಕ್ ಇಟ್, ಡಾಕ್ಟರ್," ಎಂದರು ಸಿಸ್ಟರ್. "ಐ ಫರ್ಗಾಟ್."

ಮಧ್ಯಾಹ್ನ ಮೂರಕ್ಕೆ ಚಹಾ ಬಂತು. ಅಳುತ್ತ ಅವರ ಕಾಲು ಮುಟ್ಟಲು ಹೋದೆ. ಹಿಂದಕ್ಕೆ ಸರಿದರು. "ನಿನ್ನ ಹತ್ರ ಎಂತ ಸರ್ಟಿಫಿಕೇಟ್ ಉಂಟು? ನಿನ್ನನ್ನು ಸಾಯಂಕಾಲದೊಳಗೆ ಕಳಿಸ್ತಾರೆ. ನನ್ನನ್ನು ಹಾಗೆ ಕಳಿಸ್ಲಿಕ್ಕೆ ಆಗುದಿಲ್ಲ" ಎಂದರು. ಒಂದು ಗಳಿಗೆ ಬಿಟ್ಟು, "ಹೋಗು, ಒಳಗಿನ ಫೋನಿನ ಹತ್ರ ನಿಲ್ಲು. ಇವತ್ತು ಗೊತ್ತಾಗ್ಲಿಲ್ಲ ಅಂತ ಹತ್ತು ಸಲ ಹೇಳ್ಬೇಕು ನೀನು" ಎಂದರು. ಹತ್ತು ಸಲ ಹೇಳಿದೆ. ಫೋನಿನ ಆ ತುದಿಯಲ್ಲಿ ಅವರು ಒಂದೊಂದನ್ನೂ ಎಣಿಸಿದರು.

ಅವರ ಲೆಕ್ಕ ತಪ್ಪಿತ್ತು. ಮೆಮೋ ಕೊಟ್ಟರು, ಇನ್‌ಚಾರ್ಜ್ ಕಿತ್ತುಕೊಂಡರು, ಅವರಿಗಿಂತ ಹದಿನೈದು ವರ್ಷ ಚಿಕ್ಕವಳ ಕೈಕೆಳಗೆ ನಿಲ್ಲಿಸಿದರು. ಎರಡು ತಿಂಗಳಲ್ಲಿ ಸಿಸ್ಟರ್ ರಾಜೀನಾಮೆ ಕೊಟ್ಟು, ಡೊಂಬಿವಲಿಯ ಒಂದು ಸಣ್ಣ ಕ್ಲಿನಿಕ್ಕಿಗೆ ಸೇರಿದರು. ಆ ಎರಡು ತಿಂಗಳಲ್ಲಿ ನಾನು ಎರಡು ಸಲ ಆಫೀಸಿನ ಬಾಗಿಲವರೆಗೆ ಹೋದೆ. ಎರಡು ಸಲವೂ ಬಾಗಿಲು ಮುಟ್ಟದೆ ವಾಪಸು ಬಂದೆ.

ಆಮೇಲೆ ನನಗೆ ಇಂಗ್ಲಿಷ್ ಬಂತು. ಅದೇ ಹೆದರಿಕೆಯಲ್ಲಿ ಬಂತು. ಈಗ ನವಿ ಮುಂಬೈಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್ ನಾನು. ಮೀಟಿಂಗಿನಲ್ಲಿ ಮಾತಾಡುತ್ತೇನೆ, ಮೇಲ್ ಬರೆಯುತ್ತೇನೆ. ದೀಪಾವಳಿಗೆ ಸಿಸ್ಟರಿಗೆ ಫೋನ್ ಮಾಡುತ್ತಿದ್ದೆ. "ಇಂಗ್ಲಿಷ್ ಹೇಗುಂಟು?" ಎಂದು ನಗುತ್ತಿದ್ದರು. ಆ ದಿನದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮುಂದಿನ ಸಲ ಹೋಗಿ ಎದುರು ಕೂತು ಮಾತಾಡಿದರಾಯಿತು ಎಂದುಕೊಳ್ಳುತ್ತಿದ್ದೆ...

ಈ ವರ್ಷ ಅವರು ಹೋಗಿಬಿಟ್ಟರು. ಹಳೆಯ ಆಸ್ಪತ್ರೆಯವರೊಬ್ಬರು ವಾಟ್ಸಾಪಿನಲ್ಲಿ ಹಾಕಿದ್ದು ನೋಡುವಷ್ಟರಲ್ಲಿ ಕ್ರಿಯಾಕರ್ಮ ಎಲ್ಲ ಮುಗಿದಿತ್ತು. ಡೊಂಬಿವಲಿಯ ಮನೆಗೆ ಹೋದೆ. ಅವರ ಯಜಮಾನರು ಕುರ್ಚಿಯಲ್ಲಿ ಕೂತಿದ್ದರು. ಎಷ್ಟೋ ವರ್ಷ ಹೋಟೆಲಿನ ಗಲ್ಲಾದಲ್ಲಿ ಕೂತು ನಿವೃತ್ತರಾದವರು. ಅವರ ಮಗಳು ನೀರು ತಂದುಕೊಟ್ಟಳು. ನೌಪಾಡಾದ ಆಸ್ಪತ್ರೆಯಲ್ಲಿ ಒಟ್ಟಿಗೆ ಇದ್ದೆವು ಎಂದೆ.

"ಹಾಗಾದ್ರೆ ಆ ಫೋನಿನ ಕತೆ ನಿಮಗೆ ಗೊತ್ತುಂಟು," ಎಂದರು ಅವರು. "ಅವಳದ್ದೊಂದು ಮರೆವು ಮಾರಾಯ್ರೆ. ಹಾಲು ಉಕ್ಕಿಸಿದ್ರೆ, ಬೀಗದ ಕೈ ಮರೆತ್ರೆ, ನಾನು ಹೇಳುದು, ಫೋನ್ ಮರೆತು ಒಬ್ಬನ ಜೀವ ತೆಗಿಲಿಕ್ಕೆ ಹೊರಟವಳು ನೀನು, ಹಾಲು ನಿನಗೆ ಯಾವ ಲೆಕ್ಕ ಅಂತ. ತಮಾಷೆಗೆ."

"ಸಿಸ್ಟರ್ ಏನಂತಿದ್ರು ರೀ?"

"ಎಂತ ಇಲ್ಲ. ಸುಮ್ಮನೆ ಇರುದು."

ನಾನು ಲೋಟ ಕೆಳಗಿಟ್ಟೆ. ಮನೆಯಲ್ಲಿ ಕೂಡ ಹೇಳಿರಲಿಲ್ಲ ಅವರು, ಕಟ್ಟಿಕೊಂಡವರಿಗೂ. ಹದಿನೇಳು ವರ್ಷ ನನ್ನ ತಪ್ಪನ್ನು ತಮ್ಮದೆಂದು ಕೇಳಿಸಿಕೊಂಡಿದ್ದರು. ಎದ್ದು ಹೋಗಿಬಿಡಲೇ ಎನ್ನಿಸಿತು. ಈಗ ಕೇಳುವವರು ಯಾರೂ ಇರಲಿಲ್ಲ, ಕೆಲಸ ಕಿತ್ತುಕೊಳ್ಳುವವರೂ ಇರಲಿಲ್ಲ. ಆದರೂ ಏಳದೆ, ಕುರ್ಚಿಯನ್ನು ಅವರ ಕಡೆಗೆ ಎಳೆದುಕೊಂಡೆ.

"ಆ ಫೋನ್ ಎತ್ತಿದಾಕಿ ನಾನ್ರಿ," ಎಂದೆ. "ಸಿಸ್ಟರ್ ಏನೂ ಮರ್ತಿರಲಿಲ್ರಿ. ಮೆಟ್ಟಲಾ ಹತ್ತಿ ಓಡಿಹೋಗಿ ಜೀವ ಉಳಿಸಿದ್ದೂ ಅವರೇರಿ."

"ಎಂತ?" ಎಂದರು. ಮೊದಲಿನಿಂದ ಎಲ್ಲ ಹೇಳಿದೆ. ಕೇಳುತ್ತ ಕೇಳುತ್ತ ಅವರು ಕುರ್ಚಿಯ ಕೈ ಹಿಡಿದುಕೊಂಡರು. ನಾನು ಹೊರಟಾಗ ಬಾಗಿಲವರೆಗೆ ಬಂದ ಅವರ ಮಗಳು ಮೆಲ್ಲಗೆ, "ಆಂಟಿ, ಪಪ್ಪಾ ಕೋ ಯೇ ಅಭೀ ಬತಾನಾ ಜರೂರೀ ಥಾ ಕ್ಯಾ?" ಎಂದಳು. ಈಗ ಹೇಳುವುದು ಬೇಕಿತ್ತೇ... ನನ್ನ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಅವಳ ಕೈಗೆ ಕೊಟ್ಟು ಮೆಟ್ಟಿಲಿಳಿದೆ.

ಈಗ ವಾರಕ್ಕೊಮ್ಮೆ ಸಿಸ್ಟರ್ ಯಜಮಾನರ ಫೋನ್ ಬರುತ್ತದೆ. ಹೆಸರು ಕಂಡ ಕೂಡಲೇ ನನ್ನ ಎದೆ ಧಸಕ್ಕೆನ್ನುತ್ತದೆ. ಅವರು ಬೈಯುವುದಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಆ ದಿನದ್ದು ಇನ್ನೊಮ್ಮೆ ಹೇಳಿ, ಸುರುವಿನಿಂದ" ಎನ್ನುತ್ತಾರೆ. ಹೇಳುತ್ತೇನೆ. ಡಾಕ್ಟರು ಕೆಳಗಿಳಿದು ಬಂದ ಜಾಗಕ್ಕೆ ಬಂದಾಗ, "ಆಗ ಅವಳು ಎಂತ ಹೇಳಿದ್ಲು?" ಎಂದು ಪ್ರತಿ ಸಲ ಕೇಳುತ್ತಾರೆ. "ನಾನೇ ತಗೊಂಡೆ ಅಂದ್ರು ರೀ" ಎನ್ನುತ್ತೇನೆ. ಆಮೇಲೆ ಫೋನ್ ಇಟ್ಟುಬಿಡುತ್ತಾರೆ. ಮೊನ್ನೆ ಮಾತ್ರ ಇಡದೆ, "ಒಂದು ಮಾತು ನನಗೆ ಹೇಳ್ಬಹುದಿತ್ತು ಅಲ್ಲ" ಎಂದರು. ಅದನ್ನು ನನಗೆ ಹೇಳಿದರೋ, ಹೋದ ಸಿಸ್ಟರಿಗೆ ಹೇಳಿದರೋ, ತಿಳಿಯಲಿಲ್ಲ. ತಿಳಿಯಲಿಲ್ಲ ಎಂದು ಹೇಳಲು ಹೆದರಿಕೆಯಾಗಿ, ಹೂಂನ್ರಿ ಎಂದೆ.